ಎಂಟನೆಯ ಆಯ್ಕೆ

ಅಭಿನಂದನ್ ಕೈಗೆ ಚೆಂಡು ಸಿಕ್ಕಿದರೆ ಮುಂದೇನಾಗುತ್ತದೆ ಎಂಬುದು ಆ ದೇವರಿಗೂ ಗೊತ್ತಿರುತ್ತಿರಲಿಲ್ಲ. ಹತ್ತು ಹೆಜ್ಜೆ ದೂರದಲ್ಲಿ ಜೊತೆಗಾರ ಕೈ ಬೀಸಿ ಬೀಸಿ ಕರೆಯುತ್ತಿದ್ದರೂ ಅವನ ಕಡೆ ತಿರುಗಿ ನೋಡದೆ, ಇಬ್ಬರ ನಡುವೆ ನುಸುಳಿ, ಮೂರನೆಯವನನ್ನು ಕಕ್ಕಾಬಿಕ್ಕಿ ಮಾಡಿ, ಮೈದಾನದ ಅಂಚಿನಿಂದ ಎಡಗಾಲಲ್ಲಿ ಗೋಲಿಗೆ ಒದೆಯುವ ಆಸಾಮಿ. ಬಿದ್ದರೆ ಜನ ಎದ್ದು ಕುಣಿಯುತ್ತಿದ್ದರು. ಬೀಳದಿದ್ದರೆ ಅವನ ಕೋಚ್ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದ. ಇನ್ನು ಮೇಲಿಂದ ಬರುವ ಚೆಂಡು ಹಿಡಿಯಲು ಆತ ಎದುರಾಳಿಯ ಬೆನ್ನನ್ನೇ ಏಣಿ ಮಾಡಿಕೊಂಡು ಹಾರುತ್ತಿದ್ದ. ಕೆಳಗೆ ಬೀಳುವುದು ಹೇಗೆ ಎಂಬ ಯೋಚನೆ ಅವನಿಗೆ ಹಾರಿದ ಮೇಲೆಯೇ.

ಬ್ರಿಸ್ಬೇನಿನಲ್ಲಿ, ಇಂಡೂರೂಪಿಲ್ಲಿಯ ಹತ್ತಿರ ಅಭಿನಂದನ್ ಓದುತ್ತಿದ್ದ ಕಾಲೇಜಿನ ಮೈದಾನದಲ್ಲಿ, ಈ ಆಟ ನೋಡುತ್ತ ನಿಖಿತಾ ಬಿಸಿ ಕಾಫಿಯನ್ನು ಕೈಯಲ್ಲೇ ತಣ್ಣಗಾಗಿಸಿದ್ದಳು. ಚೆಂಡನ್ನು ಕೈಯಲ್ಲಿ ಹಿಡಿದೂ ಕಾಲಲ್ಲಿ ಒದ್ದೂ ಆಡುವ ಈ ಆಸ್ಟ್ರೇಲಿಯನ್ ಫುಟ್‌ಬಾಲಿನ ಅಡಿಲೇಡ್ ಕ್ಲಬ್ಬೊಂದರಲ್ಲಿ ಅವಳಿಗೆ ಅಂಕಿಅಂಶದ ಕೆಲಸ. ಮೈಸೂರಿನ ಶಾಲೆಯಲ್ಲಿ ಆಟದ ಪೀರಿಯಡ್ಡು ಬಂದರೆ ಹೊಟ್ಟೆನೋವು ಎಂದು ಮೂಲೆ ಹಿಡಿಯುತ್ತಿದ್ದ ಹುಡುಗಿ ಈಗ ಆಸ್ಟ್ರೇಲಿಯಾದ ಆಟಗಾರರ ಹಣೆಬರಹ ಬರೆಯಲು ಕೂತಿದ್ದಾಳೆ ಎಂದು ಅವಳ ಅಮ್ಮ ಊರಿನಿಂದ ಫೋನಿನಲ್ಲಿ ನಗುತ್ತಿದ್ದರು.

ಹಣೆಬರಹ ಅಂದದ್ದು ಪೂರ್ತಿ ತಮಾಷೆಯೇನಲ್ಲ. ಪ್ರತಿ ನವೆಂಬರಿನಲ್ಲಿ ಡ್ರಾಫ್ಟ್ ನಡೆಯುತ್ತದೆ. ದೇಶದ ದೊಡ್ಡ ಕ್ಲಬ್ಬುಗಳು ಸರದಿಯಂತೆ ಒಬ್ಬೊಬ್ಬ ಹೊಸ ಹುಡುಗನ ಹೆಸರು ಕೂಗುತ್ತವೆ. ಕೂಗಿದ ಮೇಲೆ ಮುಗಿಯಿತು, ಹುಡುಗ ಗಂಟುಮೂಟೆ ಕಟ್ಟಿ ಆ ಊರಿಗೆ ಹೊರಡಬೇಕು. ಈ ವರ್ಷ ಅಡಿಲೇಡಿಗೆ ಎಂಟನೆಯ ಸರದಿ. ಎಂಟನೆಯವನಾಗಿ ಅಭಿನಂದನ್‌ನನ್ನು ತೆಗೆದುಕೊಳ್ಳುವುದೋ ಬಿಡುವುದೋ ಎಂದು ಕ್ಲಬ್ಬಿನಲ್ಲಿ ತಿಂಗಳಿನಿಂದ ಜಗಳ. ನಿಖಿತಾ ತೆಗೆದುಕೊಳ್ಳೋಣ ಎನ್ನುವವರ ಪಕ್ಷ. ಅವನು ಕಳೆಯುವುದಕ್ಕಿಂತ ಗಳಿಸುವುದು ಹೆಚ್ಚು ಎಂದು ಅವಳ ಲೆಕ್ಕ ಹೇಳುತ್ತಿತ್ತು. ಕನ್ನಡದ ಹುಡುಗ ಎಂಬ ಅಭಿಮಾನವೂ ಚೂರು ಇತ್ತು. ಇರಲಿಲ್ಲ ಎಂದು ಅವಳು ಆಣೆ ಮಾಡಿದರೆ ನಂಬಬೇಡಿ.

ಡ್ರಾಫ್ಟಿಗೆ ಮುಂಚೆ ಹುಡುಗನ ಮನೆಗೆ ಹೋಗಿ ಮಾತಾಡುವುದು ಇವರ ಪದ್ಧತಿ, ಹೆಣ್ಣು ನೋಡಲು ಹೋದ ಹಾಗೆ. ಅಕ್ಟೋಬರಿನಲ್ಲಿ ಅಭಿನಂದನ್ ರಜೆಗೆಂದು ಪರ್ತ್ ನಗರಕ್ಕೆ ಬಂದಿದ್ದಾಗ ಆಯ್ಕೆಯ ಮುಖ್ಯಸ್ಥ ಕ್ರೇಗ್ ಮತ್ತು ನಿಖಿತಾ ಅಲ್ಲಿನ ಹ್ಯಾರಿಸ್‌ಡೇಲ್ ಬಡಾವಣೆಯ ಅವನ ಮನೆಗೆ ಹೋದರು. ಅಪ್ಪ ನಂಜುಂಡಸ್ವಾಮಿ ಗಣಿ ಕಂಪನಿಯಲ್ಲಿ ಎಂಜಿನಿಯರ್. ಅಂದು ಮನೆಯಲ್ಲೇ ಷೂ ಹಾಕಿಕೊಂಡು ಕೂತಿದ್ದರು. ಕ್ರೇಗ್ ಖಾರಾಭಾತ್ ತಿಂದು ಕಣ್ಣೊರೆಸಿಕೊಳ್ಳುತ್ತ ಹುಡುಗನಿಗೆ ಪ್ರಶ್ನೆ ಕೇಳತೊಡಗಿದ. ಅಮ್ಮ ಚಂಪಾ ಮಾತ್ರ, "ನೀನು ಒಳಗೆ ಬಾಮ್ಮ, ಕಾಫಿಗೆ ಸಕ್ಕರೆ ಎಷ್ಟು ಹೇಳು" ಎಂದು ನಿಖಿತಾಳನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು.

ಸಕ್ಕರೆ ಕೇಳಲೇ ಇಲ್ಲ. ಹಾಲು ಉಕ್ಕುತ್ತಿದ್ದರೂ ಗಮನಿಸದೆ ತಗ್ಗಿದ ದನಿಯಲ್ಲಿ ಶುರು ಮಾಡಿದರು.

"ಮೇ ತಿಂಗಳಲ್ಲಿ ಪ್ರಾಕ್ಟೀಸಲ್ಲಿ ತಲೆ ಕೆಳಗಾಗಿ ಬಿದ್ದನಂತೆ. ಅವತ್ತು ಫೋನ್ ಮಾಡಿ, ಅಮ್ಮಾ ಊಟ ಆಯ್ತಾ ಅಂದ. ಆಯ್ತು ಅಂದೆ. ಮತ್ತೆ ಅದನ್ನೇ ಕೇಳ್ದ. ನಾಲ್ಕು ಸಲ ಕೇಳ್ಬಿಟ್ಟ ಕಣಮ್ಮ, ಕೇಳಿದ್ದು ಅವನಿಗೆ ನೆನಪೇ ಇಲ್ಲ. ಜುಲೈನಲ್ಲಿ ಇನ್ನೊಂದು ಸಲ ಬಿದ್ದ. ಬೆಳಕು ತಡೀಲಾರದೆ ಎರಡು ದಿನ ಕಿಟಕಿ ಪರದೆ ತೆಗೀಲಿಲ್ವಂತೆ."

"ಡಾಕ್ಟರಿಗೆ ತೋರಿಸಿದ್ರಾ ಆಂಟಿ?"

"ತೋರಿಸಿದ್ರೆ ವಾರಗಟ್ಲೆ ಆಟ ನಿಲ್ಲಿಸ್ತಾರೆ, ಕ್ಲಬ್‌ನೋರು ನನ್ನ ಕಡೆ ತಿರುಗಿ ನೋಡಲ್ಲ ಅಂತಾನೆ. ಅವರಪ್ಪನಿಗೂ ಗೊತ್ತಿಲ್ಲ. ನೀನು ನಮ್ಮವಳು ಅಂತ ಹೇಳ್ತಿದೀನಿ. ಯಾರಿಗೂ ಹೇಳ್ಬೇಡ, ಆಯ್ತಾ?"

ಆಯ್ತು ಎಂದಳು. ಇನ್ನೊಬ್ಬರ ಅಡುಗೆಮನೆಯಲ್ಲಿ ನಿಂತು ಬೇರೇನು ಹೇಳುವುದು? ಹೊರಡುವಾಗ ಚಂಪಾ ಅರಿಶಿನ ಕುಂಕುಮದ ಜೊತೆ ಒಂದು ಬ್ಲೌಸ್ ಪೀಸ್ ಕೊಟ್ಟರು. ಆಟಗಾರರ ಮನೆಯಿಂದ ಉಡುಗೊರೆ ತೆಗೆದುಕೊಳ್ಳಬಾರದೆಂದು ಕ್ಲಬ್ಬಿನ ನಿಯಮವಿದೆಯಲ್ಲ ಎಂದು ಕ್ರೇಗ್ ಕಾರಿನಲ್ಲಿ ರೇಗಿಸಿದ. ಇದು ಉಡುಗೊರೆಯಲ್ಲ, ಮರ್ಯಾದೆ ಎಂದು ನಿಖಿತಾ ಗಂಭೀರವಾಗಿ ವಿವರಿಸಿದಳು. ಅಡುಗೆಮನೆಯ ಮಾತನ್ನು ಮಾತ್ರ ಹೇಳಲಿಲ್ಲ.

ಅಡಿಲೇಡಿಗೆ ಮರಳಿದ ಮೇಲೆ ಅವಳಿಗೆ ನೆಮ್ಮದಿಯೇ ಇಲ್ಲ. ಹೇಳಿದರೆ ಹುಡುಗನ ದಾರಿ ಮುಚ್ಚಿತು, ನಂಬಿ ಹೇಳಿಕೊಂಡ ತಾಯಿಗೆ ದ್ರೋಹ ಮಾಡಿದ ಹಾಗಾಯಿತು. ಹೇಳದಿದ್ದರೆ? ಇಪ್ಪತ್ತು ವರ್ಷದ ಹುಡುಗನ ತಲೆ. ಮತ್ತೊಮ್ಮೆ ಬಿದ್ದರೆ ಏನಾಗಬಹುದು ಎಂಬುದನ್ನು ಅವಳು ಸಾಕಷ್ಟು ಓದಿದ್ದಳು. ಮೂರು ದಿನ ಒದ್ದಾಡಿ ಕೊನೆಗೆ ಒಂದು ಉಪಾಯ ಕಂಡುಕೊಂಡಳು, ಅದನ್ನು ಬಹಳ ಜಾಣ ಉಪಾಯವೆಂದೂ ತಿಳಿದುಕೊಂಡಳು. ಕೊಟ್ಟ ಮಾತು ಉಳಿಸಿಕೊಳ್ಳುವುದು. ಆದರೆ ಅವನನ್ನು ಆರಿಸದ ಹಾಗೆ ನೋಡಿಕೊಳ್ಳುವುದು.

ಅಂತಿಮ ಸಭೆಯಲ್ಲಿ ಎದ್ದು ನಿಂತು, "ಹತ್ತು ಸಲ ಒದ್ದರೆ ನಾಲ್ಕು ಎದುರಾಳಿಯ ಕೈಗೆ. ನಾನು ಇದಕ್ಕೆ ಕಡಿಮೆ ಬೆಲೆ ಕೊಟ್ಟಿದ್ದೆ. ಮತ್ತೆ ಲೆಕ್ಕ ಹಾಕಿದೆ. ಎಂಟನೆಯ ಆಯ್ಕೆಗೆ ಇವನು ಬೇಡ" ಎಂದಳು.

"ಜನ ಟಿಕೆಟ್ ಕೊಳ್ಳುವುದು ಇಂಥವರನ್ನು ನೋಡಲಿಕ್ಕೇ," ಎಂದ ಕ್ರೇಗ್. "ನನ್ನ ಮನಸ್ಸು ಬೇಕು ಅನ್ನುತ್ತಿದೆ. ಹೋದ ತಿಂಗಳು ನೀನೂ ಹಾಗೇ ಅಂದೆಯಲ್ಲ?"

"ಹೋದ ತಿಂಗಳು ತಪ್ಪಿದ್ದೆ."

ಕ್ರೇಗ್ ಅವಳನ್ನೇ ಒಂದು ಕ್ಷಣ ನೋಡಿ, ಪಟ್ಟಿಯಲ್ಲಿ ಅಭಿನಂದನ್ ಹೆಸರಿಗೆ ಗೀಟು ಹಾಕಿದ. "ನಿನ್ನ ಲೆಕ್ಕ ನನಗೆ ಯಾವತ್ತೂ ಸುಳ್ಳು ಹೇಳಿಲ್ಲ," ಎಂದ. ಅವನು ಬೈದಿದ್ದರೂ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಡ್ರಾಫ್ಟಿನ ದಿನ ಸಂಜೆ ಕ್ಲಬ್ಬಿನ ದೊಡ್ಡ ಟಿವಿಯ ಮುಂದೆ ಎಲ್ಲರೂ ಸೇರಿದ್ದರು. ಎಂಟನೆಯ ಸರದಿ ಬಂತು. ಅಡಿಲೇಡ್ ಬೇರೊಬ್ಬ ಹುಡುಗನ ಹೆಸರು ಕೂಗಿತು. ನೆಟ್ಟಗೆ ಓಡುವ, ನೆಟ್ಟಗೆ ಒದೆಯುವ, ನೋಡಿದವರಿಗೆ ಆಕಳಿಕೆ ಬರಿಸುವ ಹುಡುಗ. ನಿಖಿತಾ ಉಸ್ಸೆಂದಳು. ಆ ಉಸಿರು ಪೂರ್ತಿ ಹೊರಗೆ ಬರುವ ಮೊದಲೇ ಒಂಬತ್ತನೆಯ ಸರದಿಯ ಮೆಲ್ಬರ್ನ್ ಕ್ಲಬ್ಬೊಂದು ಅಭಿನಂದನ್ ನಂಜುಂಡಸ್ವಾಮಿ ಎಂದು ಕೂಗಿತು. ಕೂಗಿದವನು ಅಪ್ಪನ ಹೆಸರು ಬಾಯಿಗೆ ಬರದೆ ಎರಡು ಸಲ ತಡವರಿಸಿದ. ಟಿವಿಯಲ್ಲಿ ಹ್ಯಾರಿಸ್‌ಡೇಲ್‌ನ ಅದೇ ಮನೆಯ ಹಜಾರ ಕಂಡಿತು. ಗೆಳೆಯರು ಅಭಿನಂದನ್‌ನನ್ನು ಹೆಗಲ ಮೇಲೆ ಎತ್ತಿಕೊಂಡಿದ್ದರು.

ನಿಖಿತಾ ಗುಂಪಿನಿಂದ ಎದ್ದು ತನ್ನ ಮೇಜಿಗೆ ಹೋಗಿ ಕೂತಳು. ತನ್ನವರಿಂದ ಮುಚ್ಚಿಟ್ಟದ್ದು ಬೇರೆ ಕ್ಲಬ್ಬುಗಳಿಗೂ ಮುಚ್ಚಿಯೇ ಇರುತ್ತದೆ ಎಂಬ ಇಷ್ಟು ಸಣ್ಣ ವಿಷಯ ಅವಳ ಜಾಣತಲೆಗೆ ಹೊಳೆದಿರಲಿಲ್ಲ. ಇಲ್ಲಿಗಾದರೂ ಬಂದಿದ್ದರೆ ಅವನ ಮೇಲೆ ಅವಳ ಕಣ್ಣಿರುತ್ತಿತ್ತು. ಈಗ ಅದೂ ಇಲ್ಲ.

ಹತ್ತು ನಿಮಿಷಕ್ಕೆ ಫೋನ್ ಬಂತು. ಚಂಪಾ ಬಚ್ಚಲುಮನೆ ಸೇರಿ ಬಾಗಿಲು ಹಾಕಿಕೊಂಡು ಮಾತಾಡುತ್ತಿದ್ದರು.

"ನಿಖಿತಾ, ನೀನು ಯಾರಿಗೂ ಹೇಳ್ಲೇ ಇಲ್ವೇನಮ್ಮಾ?"

"ನೀವೇ ಹೇಳ್ಬೇಡ ಅಂದಿದ್ರಲ್ಲ ಆಂಟಿ!"

"ಅಂದಿದ್ದೆ. ಹೆತ್ತೋಳು ಇನ್ನೇನು ಅನ್ನಲಿ? ನನ್ನ ಮಗನ ಆಸೆಗೆ ಕಲ್ಲು ಹಾಕು ಅಂತ ಬಾಯ್ಬಿಟ್ಟು ಹೇಳಕ್ಕಾಗತ್ತಾ? ನಿನ್ನ ಕಿವಿಗೆ ಹಾಕಿದ್ರೆ ನೀನು ನೋಡ್ಕೋತೀಯ ಅಂದ್ಕೊಂಡ್ಬಿಟ್ಟೆ."

ನಿಖಿತಾಳಿಗೆ ಮೊದಲು ಬಂದದ್ದು ಸಿಟ್ಟು. ಆಮೇಲೆ, ಅವನನ್ನು ತಡೆಯುವ ಹೊಣೆಯನ್ನು ಇಬ್ಬರೂ ಒಬ್ಬರ ತಲೆಗೊಬ್ಬರು ಕಟ್ಟಿದ್ದೇವೆ ಎನ್ನುವುದು ಹೊಳೆಯಿತು, ನಾಚಿಕೆಯಾಯಿತು.

"ಅಭಿಗೆ ಫೋನ್ ಕೊಡಿ ಆಂಟಿ. ಈಗಲೇ."

ಬಾಗಿಲು ತೆರೆದ ಸದ್ದು, ಗದ್ದಲ, ಕೇಕೆ. ಅಭಿನಂದನ್ ಏದುಸಿರು ಬಿಡುತ್ತ ಥ್ಯಾಂಕ್ಯೂ ಎಂದ. ನೀವು ಬಿಟ್ಟಿರಿ, ಪರವಾಗಿಲ್ಲ ಎಂದು ಇಂಗ್ಲಿಷಿನಲ್ಲಿ ನಕ್ಕ.

"ಅಭಿ, ಆ ಕ್ಲಬ್ಬಿನ ಡಾಕ್ಟರು ತಲೆಗೆ ಪೆಟ್ಟು ಬಿದ್ದಿತ್ತಾ ಅಂತ ಕೇಳ್ತಾರೆ. ನಿಜ ಹೇಳು. ನೀನು ಹೇಳ್ಲಿಲ್ಲ ಅಂದ್ರೆ ಸೋಮವಾರ ನಾನೇ ಹೇಳ್ತೀನಿ. ನನ್ನ ಕೆಲಸ ಹೋದ್ರೂ ಹೋಗ್ಲಿ."

ಅವನ ನಗು ನಿಂತಿತು. "ನಿಮಗೆ ಯಾರು ಹೇಳಿದ್ದು?" ಎಂದು ಇಂಗ್ಲಿಷಿನಲ್ಲೇ ಕೇಳಿದ.

ವಿಡಿಯೋದಲ್ಲಿ ನೋಡಿದೆ ಎಂಬ ಸುಳ್ಳು ನಿಖಿತಾಳ ನಾಲಿಗೆಯ ಮೇಲೇ ಇತ್ತು. ಅಷ್ಟರಲ್ಲಿ ಆ ಕಡೆಯಿಂದ ಚಂಪಾ ದನಿ ಕೇಳಿತು. ಹಜಾರದಲ್ಲಿದ್ದವರಿಗೆಲ್ಲ ಕೇಳುವಷ್ಟು ಜೋರಾಗಿತ್ತು.

"ನಾನು ಕಣೋ. ನಾನೇ ಹೇಳಿದ್ದು. ಎರಡು ಸಲ ಬಿದ್ದಿದ್ದೂ ಹೇಳಿದೀನಿ."

ಗದ್ದಲ ಅಡಗಿತು. ಏನಂತೆ, ಏನಂತೆ ಎಂದು ನಂಜುಂಡಸ್ವಾಮಿ ಕೇಳುತ್ತಿದ್ದರು.

"ಎರಡಲ್ಲ ಅಮ್ಮ," ಎಂದ ಅಭಿನಂದನ್. "ಐದು."

ನಿಖಿತಾ ಅಂಕಿ ಬರೆದುಕೊಳ್ಳಲೆಂದು ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಂಡಳು. ಆಮೇಲೆ ಅದನ್ನು ಕೆಳಗಿಟ್ಟು, ಫೋನು ಹಿಡಿದುಕೊಂಡೇ, ಎಲ್ಲವನ್ನೂ ಹೇಳಿಬಿಡಲು ಕ್ರೇಗ್‌ನನ್ನು ಹುಡುಕಿಕೊಂಡು ಹೊರಟಳು.