ತುರುಚೆ ಸೊಪ್ಪಿನ ಮೊಕದ್ದಮೆ

ದೆಲ್ಫೀನಾ ಆ ಶನಿವಾರ ಎರಡನೇ ಗಾಡಿ ಗುಲಾಬಿಗಳ ಮುಳ್ಳು ತೆಗೆಯುತ್ತಿದ್ದಾಗ ಹೂತೋಟದ ಮೇಲ್ವಿಚಾರಕ ರಾಮಿರೊ ಬಂದು ಪಕ್ಕದಲ್ಲಿ ನಿಂತ.

"ಸೋಮವಾರ ಮತ್ತೆ ರಜೆನಾ? ಫೆಬ್ರವರಿ ಹದಿನಾಲ್ಕು ಹತ್ರ ಬಂತು ದೆಲ್ಫೀನಾ. ಇಡೀ ಲೋಕಕ್ಕೆ ಪ್ರೀತಿ ಉಕ್ಕೋ ವಾರ ಇದು, ನಿನಗೊಬ್ಬಳಿಗೇ ಕಚೇರಿ."

"ವಿಚಾರಣೆ ಇದೆ. ಕಾಗದ ತೋರಿಸಿದ್ನಲ್ಲ."

"ಹೋದ ವಾರನೂ ತೋರಿಸಿದ್ದೆ."

"ಹೋದ ವಾರ ಅಧಿಕಾರಿ ಬರಲಿಲ್ಲ. ಅದರ ಹಿಂದಿನ ವಾರ ಕಡತ ಬರಲಿಲ್ಲ. ಎರಡು ಸಲನೂ ಹೋಗಿ ಕೂತಿದ್ದೋಳು ನಾನೊಬ್ಳೇ."

"ಹಾಗಿದ್ರೆ ನಾಳೆ ಭಾನುವಾರ ಬಂದು ಆ ದಿನ ತುಂಬಿಸಿಕೊಡು."

"ನಾಳೆ ಮಕ್ಕಳನ್ನ ನೋಡೋ ದಿನ. ವಾರಕ್ಕೆ ಅದೊಂದೇ ದಿನ."

ರಾಮಿರೊ ಏನೋ ಗೊಣಗಿ ಮುಂದಿನ ಮೇಜಿಗೆ ಹೋದ.

ಗುಲಾಬಿಯ ಸುಗ್ಗಿಯಲ್ಲಿ ಪಾಳಿ ಮುಗಿಯುವುದು ಸಂಜೆ ಏಳಕ್ಕೆ. ಕರಾವಳಿಯ ಸಿಗಡಿ ಕೊಳಗಳಿಗೆ ದುಡಿಯಲು ಹೋದ ಗಂಡ ಎರಡು ವರ್ಷದಿಂದ ಬಂದಿರಲಿಲ್ಲ. ಮಗಳು ಯಾದಿರಳಿಗೆ ಒಂಬತ್ತು, ಮಗ ಜೋಯೆಲ್‌ಗೆ ಎರಡು. ಮಧ್ಯಾಹ್ನದವರೆಗೆ ಪಕ್ಕದ ಮನೆಯ ಅಜ್ಜಿ, ಆಮೇಲೆ ಶಾಲೆಯಿಂದ ಬಂದ ಯಾದಿರ, ಹೀಗೆ ಮಗುವಿನ ದಿನ ಕಳೆಯುತ್ತಿತ್ತು. ಜನವರಿಯ ಒಂದು ಮಧ್ಯಾಹ್ನ ಚೌಕದಲ್ಲಿ ವಾದ್ಯದವರು ಅಭ್ಯಾಸ ಮಾಡುತ್ತಿದ್ದರು. ಯಾದಿರ ನೋಡಲು ಓಡಿದಳು. ಅಷ್ಟರಲ್ಲಿ ಜೋಯೆಲ್ ಹಿತ್ತಲಿನ ನೀರಾವರಿ ಕಾಲುವೆಗೆ ಬಿದ್ದ. ಅಜ್ಜಿಯೇ ಎತ್ತಿ ಬದುಕಿಸಿದಳು.

ಸಂಜೆ ಬಂದ ದೆಲ್ಫೀನಾ ವಿಷಯ ಕೇಳಿದಳು, ಬೇಲಿಗೆ ಹೋಗಿ, ಮುಟ್ಟಿದರೆ ಉರಿದು ಬೊಬ್ಬೆ ಏಳುವ ತುರುಚೆ ಸೊಪ್ಪು ಕಿತ್ತಳು, ಮಗಳ ಕಾಲಿಗೆ, ಬೆನ್ನಿಗೆ ಹೊಡೆದಳು. ಮೇಲೆ ತಣ್ಣೀರು ಸುರಿದಳು. ಆ ಬೆಟ್ಟದ ಊರುಗಳಲ್ಲಿ ಕದ್ದ ದೊಡ್ಡವರಿಗೂ ಪಂಚಾಯಿತಿ ಕೊಡುವ ಶಿಕ್ಷೆ ಅದೇ. ಅವಳ ಅಮ್ಮ ಅವಳಿಗೆ ಮಾಡಿದ್ದೂ ಅದೇ.

ಮರುದಿನ ಶಾಲೆಯ ಟೀಚರ್ ಇನೆಸ್, ಕಾಲುಚೀಲ ಜಾರಿದಾಗ ಹುಡುಗಿಯ ಕಾಲಿನ ಬೊಬ್ಬೆ ನೋಡಿದಳು. ಮಕ್ಕಳ ರಕ್ಷಣಾ ಕಚೇರಿಗೆ ಬರೆದಳು. ಎರಡು ಆರೋಪ: ಮಗಳಿಗೆ ಹಿಂಸೆ, ಮಕ್ಕಳನ್ನು ಅಪಾಯದಲ್ಲಿ ಬಿಟ್ಟದ್ದು. ವಿಚಾರಣೆ ಮುಗಿಯುವವರೆಗೆ ಇಬ್ಬರು ಮಕ್ಕಳೂ ಎಲ್ವಿಯಾಳ ಮನೆಯಲ್ಲಿರಬೇಕೆಂದು ಆದೇಶವಾಯಿತು. ಚರ್ಚಿನ ಜ್ಞಾನಸ್ನಾನದಲ್ಲಿ ಯಾದಿರಳನ್ನು ಎತ್ತಿಕೊಂಡು ಅವಳ ಧರ್ಮತಾಯಿಯಾದವಳು ಎಲ್ವಿಯಾ. ಅಂದಿನಿಂದ ಅವಳೂ ದೆಲ್ಫೀನಾಳೂ ಒಬ್ಬರಿಗೊಬ್ಬರು 'ಕೊಮಾದ್ರೆ', ಒಂದೇ ಮಗುವಿನ ಇಬ್ಬರು ತಾಯಂದಿರು.

ದೆಲ್ಫೀನಾ ಟೀಚರನ್ನು ಶಾಲೆಯ ಗೇಟಿನಲ್ಲೇ ತಡೆದು ಕೇಳಿದ್ದಳು. "ಬರೆಯೋ ಮುಂಚೆ ಒಂದು ಸಲ ಮನೆಗೆ ಬಂದು ಕೇಳಬಾರದಿತ್ತಾ ಟೀಚರ್?"

"ಬರೀದಿದ್ರೆ ನನ್ನ ಮೇಲೇ ಕೇಸಾಗುತ್ತೆ. ಆದರೂ ಬಂದಿದ್ದೆ ದೆಲ್ಫೀನಾ. ಎರಡು ಸಲ. ಎರಡು ಸಲನೂ ಮಕ್ಕಳಿಬ್ರೇ ಇದ್ರು."

ದೆಲ್ಫೀನಾ ಇನ್ನೂ ಹೆಚ್ಚಿದ ಸಿಟ್ಟಿನಲ್ಲೇ ತಿರುಗಿ ನಡೆದಿದ್ದಳು.

ದಾರಿ ತೋರಿಸಿದವನು ಸರ್ಕಾರ ಕೊಟ್ಟ ವಕೀಲ ಪಾಸ್ಮಿನ್ಯೊ. ಅವನ ಕಂಕುಳಲ್ಲಿ ಸದಾ ಹತ್ತು ಜನರ ಕಡತ. ಅಧಿಕಾರಿ ಬಾರದ ದಿನ ಮೆಟ್ಟಿಲ ಮೇಲೆ ನಿಂತೇ ಹೇಳಿದ:

"ತುರುಚೆ ನಿಮ್ಮಲ್ಲಿ ಔಷಧಿನೂ ಹೌದಲ್ವಾ? ಭಯ ಹಿಡಿದ ಮಕ್ಕಳಿಗೆ ನಾಟಿ ವೈದ್ಯರು ಅದರಲ್ಲೇ ತಾನೇ ಬಡಿಯೋದು?"

"ಹೌದು. ಮೆಲ್ಲಗೆ."

"ಮೆಲ್ಲಗೆ ಅನ್ನೋದನ್ನ ಯಾರೂ ಅಳೆಯಲ್ಲಮ್ಮ. ತಮ್ಮ ಮುಳುಗಿದ್ದು ನೋಡಿ ಹುಡುಗಿಗೆ ಭಯ ಹಿಡೀತು, ನೀವು ಔಷಧಿ ಮಾಡಿದ್ರಿ. ಕಚೇರಿಯ ಮನಶ್ಶಾಸ್ತ್ರಜ್ಞೆ ಕೇಳಿದಾಗ ಹುಡುಗಿನೂ ಅದನ್ನೇ ಹೇಳ್ಲಿ. ದೊಡ್ಡ ಆರೋಪ ಬಿದ್ದುಹೋಗುತ್ತೆ, ಸಂಜೆ ಮಕ್ಕಳು ಮನೇಲಿ."

"ಇಲ್ಲಾಂದ್ರೆ?"

"ಇಲ್ಲಾಂದ್ರೆ ನ್ಯಾಯಾಧೀಶರ ಮುಂದೆ. ಜೈಲೂ ಆಗಬಹುದು. ಮಕ್ಕಳು ಯಾವಾಗ ಬರ್ತಾರೋ ನಾನು ಹೇಳಲಾರೆ."

ಭಾನುವಾರ ಎಲ್ವಿಯಾಳ ಅಂಗಳದಲ್ಲಿ, ಭೇಟಿಗೆ ಕಾವಲಿಗೆಂದು ಬಂದ ಕಚೇರಿಯ ಹೆಂಗಸು ಹತ್ತು ಹೆಜ್ಜೆ ದೂರ ಕುರ್ಚಿ ಹಾಕಿಕೊಂಡು ಫೋನು ನೋಡುತ್ತಿದ್ದಳು. ಜೋಯೆಲ್ ಮೊದಲು ಅಮ್ಮನ ಹತ್ತಿರ ಬರಲಿಲ್ಲ, ಎಲ್ವಿಯಾಳ ಲಂಗ ಹಿಡಿದುಕೊಂಡ. ಎಲ್ವಿಯಾ ಬಾರ್ಲಿ ಹುರಿಹಿಟ್ಟಿನ ಬಟ್ಟಲು ದೆಲ್ಫೀನಾಳ ಕೈಗಿಟ್ಟಳು.

"ವಕೀಲ ಹೇಳಿದಂಗೆ ಹೇಳ್ಬಿಡು ಕೊಮಾದ್ರೆ. ನಮ್ಮಮ್ಮ ನನಗೆ ಹೊಡೆದಿದ್ದಕ್ಕೆಲ್ಲ ಕೇಸು ಹಾಕಿದ್ರೆ, ಅವಳು ಸತ್ತ ಮೇಲೂ ಜೈಲಲ್ಲಿರ್ಬೇಕಿತ್ತು."

"ಸುಳ್ಳಲ್ವಾ ಅದು?"

"ಅವರು ಬರ್ಕೊಂಡಿರೋದು ಪೂರ್ತಿ ನಿಜಾನಾ? ನೀನು ಯಾಕೆ ಮನೇಲಿರಲಿಲ್ಲ ಅಂತ ಬರೆದಿದಾರಾ?"

ದೆಲ್ಫೀನಾ ಮಗಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚತೊಡಗಿದಳು. ಬಾಚುತ್ತಲೇ ಕಿವಿಯ ಹತ್ತಿರ ಬಾಗಿ ಹೇಳಿಕೊಟ್ಟಳು. ಹುಡುಗಿ ಪಾಠದಂತೆ ಒಪ್ಪಿಸಿದಳು.

"ನಂಗೆ ಭಯ ಹಿಡಿದಿತ್ತು. ಅಮ್ಮ ಔಷಧಿ ಮಾಡಿದ್ಲು. ಹೀಗೇ ತಾನೇ?"

"ಹೀಗೇ."

ಯಾದಿರ ಇನ್ನೆರಡು ಸಲ ಹೇಳಿ ನೋಡಿದಳು. ಆಮೇಲೆ ತಿರುಗದೆಯೇ ಕೇಳಿದಳು: "ಜೋಯೆಲ್‌ನ ನೀನೇ ಮುಳುಗಿಸಿದ್ದಾ ಅಂತ ಕೇಳಿದ್ರೆ ಏನು ಹೇಳ್ಲಿ?"

"ನೀನೆಲ್ಲಿ ಮುಳುಗಿಸಿದೆ? ಅವನೇ ಬಿದ್ದ."

"ಮತ್ತೆ ನಂಗ್ಯಾಕೆ ಹೊಡೆದೆ?"

ಬಾಚಣಿಗೆ ಕೂದಲಲ್ಲಿ ನಿಂತಿತು.

"ಪರವಾಗಿಲ್ಲಮ್ಮ," ಎಂದಳು ಯಾದಿರ. "ಔಷಧಿ ಅಂತಾನೇ ಹೇಳ್ತೀನಿ. ಆಮೇಲೆ ಮನೆಗೆ ಹೋಗಬಹುದಲ್ಲ?"

ಸೋಮವಾರ ಎರಡು ಗಂಟೆ ಕಾಯಿಸಿದ ಮೇಲೆ ಒಳಗೆ ಕರೆದರು. ಯಾದಿರ ಎಲ್ವಿಯಾಳ ಜೊತೆ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಳು. ಮನಶ್ಶಾಸ್ತ್ರಜ್ಞೆ ಅವಳನ್ನು ಇನ್ನೂ ಕರೆದಿರಲಿಲ್ಲ. ಅಧಿಕಾರಿಣಿ ಕಡತ ಬಿಡಿಸಿದಳು, ಮೂಲೆಯ ಗುಮಾಸ್ತ ಪೆನ್ನು ತೆಗೆದ. ಪಾಸ್ಮಿನ್ಯೊ ಎದ್ದುನಿಂತ.

"ಇದು ಪಾರಂಪರಿಕ ಔಷಧಿಯ ವಿಷಯ, ಮೇಡಂ. ನನ್ನ ಕಕ್ಷಿದಾರಳು..."

"ಔಷಧಿ ಅಲ್ಲ," ಎಂದಳು ದೆಲ್ಫೀನಾ.

ಪಾಸ್ಮಿನ್ಯೊ ಅವಳ ಕಡೆ ಬಾಗಿದ. "ಸುಮ್ನಿರಿ ಅಮ್ಮ. ನಾವು ಮಾತಾಡಿಕೊಂಡಿದ್ದು..."

"ಸಿಟ್ಟಲ್ಲಿ ಹೊಡೆದೆ. ಹುಡುಗೀನ ಒಳಗೆ ಕರೆದು ಕೇಳ್ಬೇಡಿ ಮೇಡಂ. ಅವಳು ಹೇಳೋದು ನಾನು ಕಲಿಸಿದ್ದು."

ವಕೀಲ ಕುಳಿತು ಕಡತ ಮುಚ್ಚಿದ. ಅಧಿಕಾರಿಣಿ ಕನ್ನಡಕ ತೆಗೆದು ಅವಳನ್ನು ನೋಡಿದಳು.

"ಇದರ ಪರಿಣಾಮ ಗೊತ್ತಾ ನಿಮಗೆ?"

"ಇವರು ಹೇಳಿದಾರೆ."

"ಎಷ್ಟು ಏಟು?" ಎಂದು ಗುಮಾಸ್ತ ತಲೆಯೆತ್ತದೆ ಕೇಳಿದ.

"ಎಣಿಸ್ಲಿಲ್ಲ."

"ಅಂದಾಜು ಹೇಳಿ. ಇಲ್ಲೊಂದು ಸಂಖ್ಯೆ ಬೇಕು."

"ಸೊಪ್ಪು ಉದುರೋವರೆಗೆ."

ಅವನು ಅಧಿಕಾರಿಣಿಯ ಮುಖ ನೋಡಿದ. ಅವಳು ಬರೆದುಕೋ ಎಂಬಂತೆ ಕೈಯಾಡಿಸಿದಳು. ಪ್ರಕರಣ ನ್ಯಾಯಾಧೀಶರಿಗೆ ಹೋಗುತ್ತದೆ, ಮಕ್ಕಳು ಇನ್ನೂ ಅರವತ್ತು ದಿನ ಎಲ್ವಿಯಾಳ ಮನೆಯಲ್ಲೇ ಇರುತ್ತಾರೆ ಎಂದಳು. ಆಮೇಲೆ ಕೇಳಿದಳು: "ಮಗುವನ್ನ ಶಿಶುವಿಹಾರಕ್ಕೆ ಯಾಕೆ ಹಾಕಲಿಲ್ಲ? ನಾಲ್ಕು ಗಂಟೆವರೆಗೆ ನೋಡ್ಕೋತಾರೆ."

"ನನ್ನ ಪಾಳಿ ಬಿಡೋದು ಏಳಕ್ಕೆ."

"ಅದು ನಮ್ಮ ಕೈಯಲ್ಲಿಲ್ಲ."

"ನನ್ನ ಕೈಯಲ್ಲೂ ಇಲ್ಲ ಮೇಡಂ. ಒಂಬತ್ತು ವರ್ಷದವಳ ಕೈಗೆ ಕೊಟ್ಟಿದ್ದೆ."

ಗುಮಾಸ್ತ ಸಹಿಗೆಂದು ಹಾಳೆ ಮುಂದೆ ಸರಿಸಿದ. ದೆಲ್ಫೀನಾ ಪ್ರತಿ ಸಾಲನ್ನೂ ಓದಿದಳು, ಸಹಿ ಹಾಕಲಿಲ್ಲ.

"ತಮ್ಮ ನೀರಿಗೆ ಬಿದ್ದಿದ್ದು ಯಾದಿರಳ ತಪ್ಪಲ್ಲ ಅಂತನೂ ಬರೀರಿ."

"ಅವಳ ಮೇಲೆ ಯಾರೂ ಆರೋಪ ಮಾಡಿಲ್ಲಮ್ಮ."

"ನಾನು ಮಾಡಿದ್ದೆ."

"ಅದಕ್ಕೆ ಇಲ್ಲಿ ಕಾಲಂ ಇಲ್ಲ."

"ಹಾಳೆ ಹಿಂದೆ ಖಾಲಿ ಇದೆ."

ಗುಮಾಸ್ತ ನಿಟ್ಟುಸಿರಿಟ್ಟ. ಹೊರಗೆ ಇನ್ನೂ ಏಳೆಂಟು ಜನ ಕಾಯುತ್ತಿದ್ದರು. ಅಧಿಕಾರಿಣಿ ಬೇಡ ಎನ್ನಲಿಲ್ಲ. ಅವನು ಹಾಳೆ ತಿರುಗಿಸಿ ಬರೆದ. ದೆಲ್ಫೀನಾ ಸಹಿ ಹಾಕಿ, ಒಂದು ಪ್ರತಿ ಬೇಕೆಂದಳು. ನಕಲು ಯಂತ್ರ ಕೆಟ್ಟಿದೆ ಎಂದರು. ಎದುರಿನ ಅಂಗಡಿಯಲ್ಲಿ ಮಾಡಿಸುತ್ತೇನೆ ಎಂದಳು. ಕಡತದ ಹಾಳೆ ಹೊರಗೆ ಕೊಡುವಂತಿಲ್ಲ ಎಂದರು. ಕೊನೆಗೆ ಪಾಸ್ಮಿನ್ಯೊನೇ ಹಾಳೆ ಎಳೆದುಕೊಂಡು, ಅದರ ಹಿಂಬದಿಯಲ್ಲಿ ಬರೆದ ಸಾಲನ್ನು ತನ್ನ ಬಿಳಿ ಕಾಗದದ ಮೇಲೆ ಕೈಯಲ್ಲೇ ಇಳಿಸಿಕೊಟ್ಟ.

ಹೊರಗೆ ಯಾದಿರ ಬೆಂಚಿನಿಂದ ಜಿಗಿದಳು. "ನನ್ನ ಕರೀತಾರಾ ಈಗ? ನಂಗೆ ಬಾಯಿಪಾಠ ಆಗಿದೆ."

"ಕರೆಯಲ್ಲ. ಇವತ್ತು ಮನೆಗೂ ಹೋಗೋಕಾಗಲ್ಲ. ಇದನ್ನ ಓದು."

ಹುಡುಗಿಯ ಮುಖ ಬಾಡಿತು. ಆದರೂ ಕಾಗದ ತೊಡೆಯ ಮೇಲಿಟ್ಟುಕೊಂಡು, ವಕೀಲನ ಅಂಕುಡೊಂಕು ಅಕ್ಷರಗಳ ಕೆಳಗೆ ಬೆರಳಿಟ್ಟು ಓದತೊಡಗಿದಳು. ತನ್ನ ಹೆಸರು ಬಂದಾಗ ಬೆರಳು ನಿಂತಿತು. ಸಾಲಿನ ಕೊನೆ ಮುಟ್ಟಿದಳು. ಅಮ್ಮನ ಮುಖ ನೋಡಿದಳು. ಮತ್ತೆ ಮೊದಲಿನಿಂದ, ಈ ಸಲ ಗಟ್ಟಿಯಾಗಿ, ಓದಿದಳು.