ಸೂರ್ಯಕಾಂತಿ ಹೊಲದ ಮೆಮೊರಿ ಕಾರ್ಡು

ಚಿಕ್ಕಬಸವಯ್ಯನ ಫೋನು ತುಂಬಿಹೋಗಿತ್ತು. ಒಳಗೆ ತುಂಬಿದ್ದದ್ದು ಬಹುಪಾಲು ಕೇರಳ.

ಗುಂಡ್ಲುಪೇಟೆಯಿಂದ ಕೇರಳಕ್ಕೆ ಹೋಗುವ ದಾರಿಯಲ್ಲಿ, ಮದ್ದೂರು ಚೆಕ್‌ಪೋಸ್ಟಿನ ಕಡೆಗೆ, ಕಾಡು ಶುರುವಾಗುವುದಕ್ಕೆ ಮುಂಚೆ, ಹೆದ್ದಾರಿಗೆ ಮೈತಾಗಿಸಿಕೊಂಡೇ ಅವನ ಹೊಲ. ಸೂರ್ಯಕಾಂತಿ ಅರಳಿತೆಂದರೆ ಕೇರಳದ ಕಾರುಗಳಿಗೆ ಆ ಹೊಲ ದಾಟಲು ಮನಸ್ಸೇ ಬಾರದು. ಮೊದಮೊದಲು ಬೇಲಿ ನುಗ್ಗಿ ಗಿಡ ತುಳಿಯುವವರನ್ನು ಚಿಕ್ಕಬಸವಯ್ಯ ಕೋಲು ಹಿಡಿದು ಓಡಿಸುತ್ತಿದ್ದ. ಓಡಿಸಿ ಓಡಿಸಿ ಕಾಲು ಸೋತ ಮೇಲೆ, ಅಕ್ಕಪಕ್ಕದ ಹೊಲದವರಂತೆ ತಾನೂ ಒಂದು ರಟ್ಟಿನ ಮೇಲೆ ‘ಫೋಟೋ 20’ ಎಂದು ಬರೆಸಿ ನೇತುಹಾಕಿ ಕೋಲನ್ನು ಹೆಂಡತಿಯ ಕೈಗೆ ಕೊಟ್ಟ. ಚಿಕ್ಕನಿಂಗಮ್ಮ ಬೇಲಿಯ ಸಂದಿನಲ್ಲಿ ಕೂತು, ಒಳಗೆ ಹೋಗುವವರಿಗೆ ಬೇಯಿಸಿದ ಕಡಲೆಕಾಯಿಯನ್ನೂ ಸಾಲು ಬಿಟ್ಟು ತುಳಿಯಬಾರದೆಂಬ ಬುದ್ಧಿವಾದವನ್ನೂ ಒಟ್ಟಿಗೇ ಮಾರುತ್ತಿದ್ದಳು.

ಬಂದವರ ಫೋನುಗಳು ಇಲ್ಲಿಗೆ ಮುಟ್ಟುವ ಹೊತ್ತಿಗೆ ಹೊಟ್ಟೆಬಿರಿಯೆ ತುಂಬಿರುತ್ತಿದ್ದವು. ದಾರಿಯುದ್ದಕ್ಕೂ ಜಿಂಕೆ, ಕೋತಿ, ಆನೆಯ ಹಿಂಭಾಗ. ಕಾಡಿನೊಳಗೆ ಕಾರು ನಿಲ್ಲಿಸುವಂತಿಲ್ಲವಾದ್ದರಿಂದ ಒಂದೊಂದಕ್ಕೂ ಹತ್ತು ಹತ್ತು ಪಟ, ಹತ್ತೂ ಅಲುಗಿದವು. ಕೊನೆಗೆ ಹೂವಿನ ನಡುವೆ ಮನೆಮಂದಿಯೆಲ್ಲ ಹಲ್ಲುಬಿಟ್ಟುಕೊಂಡು ನಿಂತಾಗ ಫೋನು ಜಾಗವಿಲ್ಲ ಎನ್ನುವುದು. ಆಗ ಚಿಕ್ಕಬಸವಯ್ಯ ಅಂಗಿಯ ಜೇಬಿನಿಂದ ತನ್ನದನ್ನು ತೆಗೆಯುತ್ತಿದ್ದ. “ನಿಲ್ಲಿ, ನಂದ್ರಲ್ಲಿ ತೆಗೀತೀನಿ. ನಂಬರ್ ಕೊಡಿ, ಕಳಿಸ್ತೀನಿ.” ಇದಕ್ಕೆ ಅವನು ಬೇರೆ ದುಡ್ಡು ಕೇಳುತ್ತಿರಲಿಲ್ಲ. ಸಂಜೆ ಊರಿಗೆ ಹೋಗಿ ಅರಳಿಕಟ್ಟೆಯ ಮೇಲೆ ಕೂತು ಆ ದಿನದವರನ್ನೆಲ್ಲ ಕಳಿಸಿಯೇ ಊಟಕ್ಕೆ ಏಳುತ್ತಿದ್ದ. ಕಳಿಸಿದ್ದಕ್ಕೆಲ್ಲ ಆ ಕಡೆಯಿಂದ ಒಂದು ಹೆಬ್ಬೆರಳು ಬರುತ್ತಿತ್ತು. ಮುಟ್ಟಿತು ಎಂದುಕೊಂಡು ನೆಮ್ಮದಿಯಾಗಿ ಮುದ್ದೆ ಮುರಿಯುತ್ತಿದ್ದ.

ಈಗ ಸರ್ಕಾರದ ಬೆಳೆ ಸಮೀಕ್ಷೆ ಬಂದಿತ್ತು. ರೈತನೇ ತನ್ನ ಹೊಲದಲ್ಲಿ ನಿಂತು ತನ್ನ ಬೆಳೆಯ ಫೋಟೋ ತೆಗೆದು ಆ್ಯಪಿನಲ್ಲಿ ಹಾಕಬೇಕು. ಹಾಕದಿದ್ದರೆ ಪಹಣಿಯಲ್ಲಿ ಬೆಳೆಯ ಜಾಗ ಖಾಲಿ. ಶನಿವಾರ ಕಡೆಯ ದಿನ. ಚಿಕ್ಕಬಸವಯ್ಯನ ಫೋನು ಆ ಆ್ಯಪನ್ನು ಒಳಗೇ ಬಿಟ್ಟುಕೊಳ್ಳಲೊಲ್ಲದು.

ಪಕ್ಕದ ಹೊಲದ ದೊಡ್ಡಮಲ್ಲಪ್ಪ ಬದುವಿನ ಮೇಲೆ ಕೂತು ಇದನ್ನು ಕೇಳಿ ಬಹಳ ಸಂತೋಷಪಟ್ಟ. “ಊರ್ ಮೇಲಿರೋರ್ನೆಲ್ಲ ಒಳಕ್ ಬುಟ್ಕಂಡು ಈಗ ಒಡೆಯಂಗೇ ಜಾಗ ಇಲ್ಲ ಅಂದ್ರೆ ಏನ್ ಮಾಡಾದ್ಲಾ? ನಿನ್ನ ಹೊಲದ ಫೋಟೋ ಕೇರಳದಲ್ಲೆಲ್ಲ ಅದೆ, ಪಹಣೀಲ್ ಮಾತ್ರ ಇಲ್ಲ.”

ಮಗಳು ಶಿವರಂಜಿನಿ ಚಾಮರಾಜನಗರದ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ಲು ಬರೆಯುವ ಕೆಲಸದಲ್ಲಿದ್ದಳು. ಗಿರಾಕಿಯಿಲ್ಲದ ಹೊತ್ತು ನೋಡಿ ಫೋನಿನಲ್ಲೇ ಅಪ್ಪನಿಗೆ ಪಾಠ ಹೇಳಿದಳು.

“ಅಪ್ಪ, ಆ ಮಲಯಾಳಿಗಳ್ನೆಲ್ಲ ಡಿಲೀಟ್ ಮಾಡ್ಬುಡು. ಜಾಗ ತಾನಾಗೇ ಆಯ್ತದೆ.”

“ಅದೆಂಗಾದದು? ಮನುಸ್ರ ಮೊಕ ಕಣಮ್ಮಿ ಅವು.”

“ಅವ್ರಿಗೆ ಕಳ್ಸಾಯ್ತೋ ಇಲ್ವೋ?”

“ಕಳ್ಸಿವ್ನಿ. ಎಲ್ಲಾರೂ ಹೆಬ್ಬೆಟ್ಟು ತೋರ್ಸವ್ರೆ.”

“ಹಂಗಾದ್ರೆ ಅವ್ರ ಮೊಕ ಅವ್ರತ್ರ ಅದೆ. ಊಟ ಮಾಡಿ ಎದ್ದೋದೋರ ಎಲೇನೂ ಮಡಗ್ಕಂಡ್ ಕೂತ್ಕತೀಯಾ ನೀನು?”

ಮಾತು ಸರಿಯಾಗಿಯೇ ಇತ್ತು. ಆದರೆ ಒತ್ತಬೇಕಾದ ಬೆರಳು ಒತ್ತಲಿಲ್ಲ. ಹೂವಿನ ನಡುವೆ ನಗುತ್ತಿರುವವರನ್ನು ನೋಡನೋಡುತ್ತ ಅಳಿಸುವುದು ಹೇಗೆ? ಸಾಕಿದ ಕೋಳಿಯನ್ನು ಕೊಯ್ಯಲು ಇನ್ನೊಬ್ಬರ ಕೈಗೆ ಕೊಡುವವರಂತೆ, ಶುಕ್ರವಾರ ಬೆಳಿಗ್ಗೆ ಅವನು ಫೋನನ್ನು ಜೇಬಿಗಿಟ್ಟುಕೊಂಡು ಗುಂಡ್ಲುಪೇಟೆಯ ಬಸ್ಸು ಹತ್ತಿದ.

ಅಮ್ಜದನ ಮೊಬೈಲ್ ಅಂಗಡಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಕೌಂಟರಿನ ಮೇಲೆ ಕೇರಳದವರು ಮೊಣಕೈ ಊರಿದರೆ ಮಲಯಾಳ. ಮೂರರಲ್ಲೂ ಅವನು ಕಡಿಮೆ ಮಾತಿನವನೇ. ಚಿಕ್ಕಬಸವಯ್ಯ ಫೋನನ್ನು ಮುಂದಿಟ್ಟು, “ಅಮ್ಜದ್ ಭಾಯಿ, ಇದ್ರಲ್ಲಿರೋ ಜನನ್ನೆಲ್ಲ ಅಳ್ಸ್‌ಬುಡಿ. ನಾನು ಅತ್ಲಾಗ್ ತಿರೀಕೊಂಡಿರ್ತೀನಿ” ಎಂದ.

“ಕಳ್ಸಿದ್ದನ್ನ ಒಂದ್ಸಲ ತೋರ್ಸಿ ಅಣ್ಣ. ನೋಡ್ದೆ ನಾನು ಏನೂ ಅಳ್ಸಲ್ಲ. ಅಳ್ಸಿದ್ ಮೇಲೆ ಬಂದು ಇದೇ ಕೌಂಟರ್ ಮೇಲೆ ಅತ್ತೋರು ಬಾಳ ಜನ.”

ಅಮ್ಜದ್ ವಾಟ್ಸಾಪ್ ತೆರೆದು ಮೇಲಕ್ಕೆ ಜರುಗಿಸುತ್ತಾ ಹೋದ. ಈ ವರ್ಷದವರು, ಹೋದ ವರ್ಷದವರು, ಅಜ್ಜಿಯಂದಿರು, ತೋಳ ಮೇಲಿನ ಕೂಸುಗಳು, ಹೂವನ್ನು ಕಚ್ಚುವಂತೆ ನಟಿಸುತ್ತಿರುವ ಕಾಲೇಜು ಹುಡುಗರು. ಒಂದೊಂದರ ಕೆಳಗೂ ಹೆಬ್ಬೆರಳು. ಅವನ ಬೆರಳು ನಿಂತಿತು.

“ಅಣ್ಣ, ಇದೆಲ್ಲ ಒಬ್ರಿಗೇ ಹೋಗಿದೆಯಲ್ಲ.”

“ಒಬ್ರಿಗಲ್ಲ ಭಾಯಿ. ಮಲಯಾಳಿಗೆ.”

ಅಮ್ಜದ್ ನಗಲಿಲ್ಲ. ನಗು ಬಂದಾಗ ಡ್ರಾಯರಿನಲ್ಲಿ ಸ್ಕ್ರೂಡ್ರೈವರ್ ಹುಡುಕುವುದು ಅವನ ಅಭ್ಯಾಸ. ಹುಡುಕಿ ಮುಗಿಸಿ ಮೆಲ್ಲಗೆ ಬಿಡಿಸಿ ಹೇಳಿದ. ಮೊದಲು ಬಂದವರ ನಂಬರನ್ನು ಚಿಕ್ಕಬಸವಯ್ಯ ‘ಮಲಯಾಳಿ’ ಎಂದು ಬರೆದುಕೊಂಡಿದ್ದ. ಎರಡನೆಯವರದ್ದನ್ನೂ ಹಾಗೇ ಬರೆದಾಗ, ಈ ಹೆಸರಿನವರು ಆಗಲೇ ಇದ್ದಾರೆ, ಇದನ್ನೂ ಅವರಿಗೇ ಸೇರಿಸಲೇ ಎಂದು ಫೋನು ಕೇಳಿತ್ತು. ಕೇಳಿದವರಿಗೆ ಇಲ್ಲವೆನ್ನುವ ಜಾಯಮಾನ ಅವನದಲ್ಲ. ಹೂಂ ಎಂದು ಒತ್ತಿದ್ದ. ಆಮೇಲಿನವರಿಗೆಲ್ಲ ಅದೇ ಹೂಂ. ಹೀಗೆ ಒಂದೇ ಹೆಸರಿನ ಕೆಳಗೆ ಒಂದು ಊರಿನಷ್ಟು ನಂಬರು ಸೇರಿಕೊಂಡಿದ್ದವು. ಫೋಟೋಗಳು ಮಾತ್ರ, ಎರಡು ವರ್ಷದವೂ, ಎಲ್ಲಕ್ಕಿಂತ ಮೇಲೆ ಕಾಣುತ್ತಿದ್ದ ಆ ಮೊದಲನೆಯವನಿಗೇ ಹೋಗುತ್ತಿದ್ದವು.

ಚಿಕ್ಕಬಸವಯ್ಯ ಕೌಂಟರಿನ ಮೇಲೆ ಬಗ್ಗಿ ಫೋನು ನೋಡಿದ. “ಹಂಗಾರೆ ಮಿಕ್ಕೋರು?”

“ಅವ್ರಿಗ್ಯಾರಿಗೂ ಸಿಕ್ಕಿಲ್ಲ.”

“ನಾನು ಕಳಿಸ್ತೀನಿ ಅಂದಿದ್ದೆ ಭಾಯಿ. ಒಬ್ಬೊಬ್ಬರ್ಗೂ ಅಂದಿದ್ದೆ.” ಆಮೇಲೆ ಕೇಳಿದ, “ಈಗ ಅಳ್ಸುದ್ರೆ?”

“ಅಳ್ಸಿದ್ರೆ ಹೋಯ್ತು.”

“ಅಳ್ಸ್‌ಬ್ಯಾಡಿ ಹಂಗಾರೆ. ಬೆಳೆ ಪಹಣೀಲಿ ಬರ್ದಿದ್ರೆ ಬ್ಯಾಡ ಬುಡಿ.”

“ಎರಡೂ ಆಗತ್ತೆ, ಕೂತ್ಕೊಳ್ಳಿ.” ಅಮ್ಜದ್ ಫೋನಿನ ಬದಿಗೆ ಸಣ್ಣ ಸೂಜಿ ಚುಚ್ಚಿ, ಸಿಮ್ ಇಡುವ ತಟ್ಟೆಯನ್ನು ಹೊರಗೆಳೆದ. ಸಿಮ್ಮಿನ ಪಕ್ಕದಲ್ಲಿ ಉಗುರಿನಷ್ಟು ಖಾಲಿ ಜಾಗವಿತ್ತು. “ನಿಮ್ದು ಹಳೇ ಫೋನು, ಪುಣ್ಯ. ಈಗಿನ ಎಷ್ಟೋ ಫೋನಲ್ಲಿ ಇದನ್ನ ತೆಗ್ದೇಬಿಟ್ಟಿದಾರೆ.” ಕಪ್ಪಗಿನ ಒಂದು ಮೆಮೊರಿ ಕಾರ್ಡನ್ನು ಅಲ್ಲಿ ಕೂರಿಸಿ ಒಳಕ್ಕೆ ತಳ್ಳಿದ. ಫೋನು ಒಂದು ಪ್ರಶ್ನೆ ಕೇಳಿತು.

“ಇದೇನಂತೆ?” ಎಂದ ಚಿಕ್ಕಬಸವಯ್ಯ, ಫೋನು ಕೇಳುವ ಪ್ರಶ್ನೆಗಳ ಬಗ್ಗೆ ಈಗ ಎಚ್ಚರವಾಗಿದ್ದವನು.

“ಕಾರ್ಡನ್ನ ಹೆಂಗಿಟ್ಕೊಳ್ಳೋದು ಅಂತ. ಒಂದು, ಮನೆಅಳಿಯನ ಥರ. ಈ ಫೋನಿಗೇ ಕಟ್ಟಿಹಾಕಿದಂಗೆ. ಫೋನಿಗೆ ಜಾಗ ಜಾಸ್ತಿ ಆಗತ್ತೆ, ಆದ್ರೆ ಕಾರ್ಡನ್ನ ಬೇರೆ ಕಡೆ ಹಾಕಿದ್ರೆ ಏನೂ ಕಾಣ್ಸಲ್ಲ, ಈ ಫೋನ್ ಕೆಟ್ರೆ ಅದರಲ್ಲಿರೋದೂ ಹೋಯ್ತು. ಇನ್ನೊಂದು, ನೆಂಟರ ಥರ. ತೆಗೆದು ಯಾವ ಫೋನಿಗೆ ಹಾಕಿದ್ರೂ ಕಾಣ್ಸತ್ತೆ.”

“ಬಂದಿದ್ದೋರು ನೆಂಟ್ರು. ವಾಪಸ್ ಓಗ್ಬೇಕಾದೋರು. ಹಂಗೇ ಮಡಗಿ.”

ಅಮ್ಜದ್ ಹಾಗೇ ಮಾಡಿ ಫೋಟೋಗಳನ್ನೆಲ್ಲ ಕಾರ್ಡಿಗೆ ಸಾಗಿಸಲು ಹಚ್ಚಿದ. ಇದು ನಿಧಾನದ ಕೆಲಸ. ನಡುವೆ ಜುಮ್ಮಾ ನಮಾಜಿನ ಹೊತ್ತಾಗಿ ಅವನು ಟೋಪಿ ಇಟ್ಟುಕೊಂಡು ಹೊರಟ. “ಫೋನ್ ಮುಟ್ಬೇಡಿ. ಯಾರಾದ್ರೂ ಬಂದ್ರೆ ಅರ್ಧ ಗಂಟೆ ಅನ್ನಿ.” ಚಿಕ್ಕಬಸವಯ್ಯ ಅಂಗಡಿ ಕಾಯುತ್ತ, ತೆರೆಯ ಮೇಲಿನ ಹಸಿರು ಗೆರೆ ಉದ್ದವಾಗುವುದನ್ನು ನೋಡುತ್ತ ಕೂತ. ಚಾರ್ಜರ್ ಕೇಳಿಕೊಂಡು ಬಂದವನೊಬ್ಬನನ್ನು, ಗಾಳಿಗೆ ಗೆರೆ ಎಲ್ಲಿ ನಿಂತುಬಿಡುತ್ತದೋ ಎಂಬಂತೆ, ಪಿಸುಮಾತಿನಲ್ಲೇ ವಾಪಸು ಕಳಿಸಿದ.

ಅಮ್ಜದ್ ಬಂದು ನೋಡಿದಾಗ ಸಾಗಣೆ ಮುಗಿದಿತ್ತು. ಫೋನಿನಲ್ಲಿ ಜಾಗವಾಗಿತ್ತು, ಬೆಳೆಯ ಆ್ಯಪ್ ಒಳಗೆ ಬಂದು ಕೂತಿತು. “ಇನ್ನು ಆ ಮೊದಲನೇ ಮಲಯಾಳಿಗೆ ಒಂದು ಫೋನ್ ಮಾಡನ” ಎಂದ ಚಿಕ್ಕಬಸವಯ್ಯ. “ಪಾಪ, ಎರಡು ವರ್ಸದಿಂದ ಕಾಟ ಕೊಟ್ಟಿವ್ನಿ.”

ಅಮ್ಜದ್ ಸ್ಪೀಕರಿಗೆ ಹಾಕಿದ. ಆ ಕಡೆಯ ಮನುಷ್ಯ ಸುಲ್ತಾನ್ ಬತ್ತೇರಿಯ ಪೌಲೋಸ್. ಹಿಂದೆ ಇಲ್ಲೇ ಬೇಗೂರಿನ ಕಡೆ ಜಮೀನು ಗುತ್ತಿಗೆ ಹಿಡಿದು ಶುಂಠಿ ಹಾಕಿಸಿದ್ದವನು, ಆ ಶುಂಠಿಯಿಂದ ಅವನಿಗೆ ಉಳಿದದ್ದು ಒಂದಿಷ್ಟು ಕನ್ನಡ. ಚಿಕ್ಕಬಸವಯ್ಯ ವಿಷಯ ಬಿಡಿಸಿ ಹೇಳಿದ.

“ಹಾಗಾ,” ಎಂದ. “ಮೊದಲು ನಮ್ಮದು ಬಂತು. ಮಾರನೇ ದಿನ ಬೇರೆ ಯಾರದೋ ಬಂತು. ನಾನು ಎಣಿಸಿದೆ, ಈ ಮನುಷ್ಯ ತನ್ನ ಹೊಲಕ್ಕೆ ಬಂದವರನ್ನು ನನಗೆ ತೋರಿಸುತ್ತಾನೆ, ಪ್ರೀತಿಯಿಂದ. ಯಾಕೆ ಅಂತ ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾನೆ. ಅದಕ್ಕೇ ಒಂದು ಬೆರಳು ಹಾಕುತ್ತಿದ್ದೆ.”

“ನಿಮ್ ಫೋನು ತುಂಬ್ಲಿಲ್ವಾ?”

“ತುಂಬಿತು. ಮಗ ಹೇಳಿದ, ಅಳಿಸು ಅಪ್ಪಚ್ಚಾ ಎಂದು. ಗೊತ್ತಿಲ್ಲದವರು ನಿಜ, ಆದರೂ ನಗುತ್ತಿದ್ದಾರಲ್ಲ. ಒಂದು ಕಾರ್ಡ್ ಹಾಕಿಸಿಕೊಂಡೆ.”

ಅಮ್ಜದನಿಗೆ ಮತ್ತೆ ಸ್ಕ್ರೂಡ್ರೈವರ್ ಬೇಕಾಯಿತು.

ಶನಿವಾರ ಬೆಳಿಗ್ಗೆ ಚಿಕ್ಕಬಸವಯ್ಯ ಹೊಲದಲ್ಲಿದ್ದ ಎರಡು ಕಾರಿನವರನ್ನು ಒಂದು ಗಳಿಗೆ ಬದುವಿನ ಮೇಲೆ ನಿಲ್ಲಿಸಿ, ಜನರಿಲ್ಲದ ಸೂರ್ಯಕಾಂತಿಯ ಫೋಟೋ ತೆಗೆದು ಆ್ಯಪಿಗೆ ಹಾಕಿದ. ಆ್ಯಪು ಒಪ್ಪಿಕೊಂಡಿತು. ಪಹಣಿಯ ಕೆಲಸ ಅಲ್ಲಿಗೆ ಮುಗಿಯಿತು. ಅವನ ಕೆಲಸ ಶುರುವಾಯಿತು.

ನಂಬರುಗಳನ್ನೆಲ್ಲ ಅಮ್ಜದ್ ಬಿಡಿಬಿಡಿಯಾಗಿ ಮಾಡಿಕೊಟ್ಟಿದ್ದ. ಯಾವ ನಂಬರು ಯಾವ ಮುಖದ್ದು ಎಂಬುದನ್ನು ಮಾತ್ರ ಚಿಕ್ಕಬಸವಯ್ಯನೇ ಕಂಡುಹಿಡಿಯಬೇಕು. ಪ್ರತಿ ನಂಬರಿನ ವಾಟ್ಸಾಪ್ ಚಿತ್ರವನ್ನು ತೆರೆದು, ಹೊಲದಲ್ಲಿ ನಿಂತವರ ಜೊತೆ ಹೋಲಿಸುವುದೊಂದೇ ದಾರಿ. ಕೆಲವರು ತಮ್ಮ ಮುಖದ ಬದಲು ಗುಲಾಬಿ ಇಟ್ಟಿದ್ದರು, ಕೆಲವರು ಯೇಸುವನ್ನು, ಒಬ್ಬ ಒಂದು ಫುಟ್‌ಬಾಲನ್ನು. ಅವರನ್ನೆಲ್ಲ ಆಮೇಲಕ್ಕೆ ಎಂದು ಬಿಟ್ಟ. ಬೇಲಿಯ ಸಂದಿಯಲ್ಲಿ ಹೆಂಡತಿಯ ಪಕ್ಕ ಕೂತು, ಗುರುತು ಹತ್ತಿದವರಿಗೆ ಕಳಿಸತೊಡಗಿದ. ಮೊದಲ ಮನೆಯವರು ಯಾರಪ್ಪ ನೀನು ಎಂದರು. ಎರಡನೆಯವರು ಸಾಲಾಗಿ ಹೃದಯಗಳನ್ನು ಕಳಿಸಿದರು. ಅಂದಿನ ಕೂಸು ಈಗ ನಡೆಯುತ್ತಿದೆ ಎಂದು ಒಬ್ಬರು ವಿಡಿಯೋ ಕಳಿಸಿದರು. ಅದಕ್ಕೂ ಈಗ ಜಾಗವಿತ್ತು.

ಆಮೇಲೆ ಒಂದು ನಂಬರಿನ ಚಿತ್ರದಲ್ಲಿ ಹೆಂಗಸೊಬ್ಬಳ ಮುಖ ಕಾಣಿಸಿತು. ಚಿಕ್ಕನಿಂಗಮ್ಮ ಕುತ್ತಿಗೆ ನೀಡಿ ನೋಡಿದಳು.

“ಇವ್ಳು ಬೈಕಲ್ಲಿ ಬಂದಿದ್ದೋಳು ಕಣ, ಹೋದ್ವರ್ಸ. ಕಾಯಿ ಸುಲ್ದು ಸುಲ್ದು ಅವನ್ ಬಾಯಿಗ್ ಇಡಾಳು. ಹೂವಿನ ಎಸಳ ಕಿತ್ತು ಅವನ್ ತಲೆ ಮೇಲೆ ಸುರಿಯಾಳು. ನಾನು ಕಿತ್‌ಬ್ಯಾಡ ಅಂದ್ರೆ ಅದಕ್ಕೂ ನಗಾಳು. ಕಳ್ಸು, ಕುಸಿಯಾಯ್ತಾಳೆ.”

ಕಳಿಸಿದ. ಎರಡು ಗೀಟು ಬಿದ್ದವು, ನೀಲಿಯಾದವು. ಆ ಕಡೆ ಏನೋ ಬರೆಯುತ್ತಿರುವಂತೆ ಕಾಣಿಸಿತು, ನಿಂತಿತು, ಮತ್ತೆ ಕಾಣಿಸಿತು. ಕೊನೆಗೆ ಬಂದದ್ದು ಧ್ವನಿ. ಹಿಂದೆ ಎಲ್ಲೋ ಕುಕ್ಕರ್ ಕೂಗುತ್ತಿತ್ತು. ಅವಳು ಇವನಿಗೆ ತಿಳಿಯಲೆಂದು ಬಿಡಿಸಿ ಬಿಡಿಸಿ ಮಾತಾಡಿದ್ದಳು. ನೆನಪಿಟ್ಟು ಕಳಿಸಿದ್ದಕ್ಕೆ ದೊಡ್ಡ ಉಪಕಾರ. ಫೋಟೋ ಚೆನ್ನಾಗಿದೆ. ‘ಎನಿಕ್ಕ್ ವೇಂಡ ಚೇಟ್ಟಾ.’ ನಿಮ್ಮ ಹತ್ತಿರವೂ ಇಟ್ಟುಕೊಳ್ಳಬೇಡಿ.

“ಏನಂತೆ?”

“ಬ್ಯಾಡ್ವಂತೆ.”

“ಚೆಂದಾಗ್ ಬಂದಿಲ್ವಂತಾ?”

“ಚೆಂದಾಗೇ ಬಂದದಂತೆ.”

ಚಿಕ್ಕನಿಂಗಮ್ಮ ಕಡಲೆಕಾಯಿಯ ಪಾವನ್ನು ಕೆಳಗಿಟ್ಟಳು. ಫೋನನ್ನು ತನ್ನ ಕೈಗೆ ತೆಗೆದುಕೊಂಡು, ತಲೆಯ ಮೇಲೆ ಹಳದಿ ಎಸಳು ಹೊತ್ತು ನಿಂತ ಗಂಡಸನ್ನೂ ಅವನನ್ನೇ ನೋಡುತ್ತಿರುವ ಹೆಂಗಸನ್ನೂ ಬಿಸಿಲಿಗೆ ಅಡ್ಡ ಕೈ ಹಿಡಿದು ನೋಡಿ, ವಾಪಸು ಕೊಟ್ಟಳು.

“ಅಳ್ಸ್‌ಬುಡು.”

“ನಾನಾ?”

“ಅವ್ಳು ಕೇಳಿರಾದು ನಿನ್ನ.”

ಅವನು ಒತ್ತಿದ. ನಿಜವಾಗಿಯೂ ಅಳಿಸಬೇಕೇ ಎಂದು ಫೋನು ಕೇಳಿತು. ಈ ಸಲ ಪ್ರಶ್ನೆಯನ್ನು ಮೊದಲಿಂದ ಕೊನೆಯವರೆಗೆ ಓದಿ, ಹೂಂ ಎಂದು ಒತ್ತಿದ. ಒತ್ತಿದ ಮೇಲೆ ನೆನಪಾಯಿತು, ಬತ್ತೇರಿಯಲ್ಲಿ ಇನ್ನೊಂದು ಉಳಿದಿದೆ ಎಂದು.

ಪೌಲೋಸ್ ಕೂಡಲೆ ಎತ್ತಿದ. ಚಿಕ್ಕಬಸವಯ್ಯ ಹೇಳಿದ್ದನ್ನು ಕೇಳಿ ಕಾರಣ ಕೇಳಲಿಲ್ಲ. “ಇರಿ, ಕನ್ನಡಕ ಹಾಕುತ್ತೇನೆ. ಯಾವುದು? ತಲೆ ಮೇಲೆ ಎಸಳು ಇರುವುದಾ?”

“ಅದೇಯ.”

ಆ ಕಡೆ ಕೋಳಿಯೊಂದು ಕೆದಕುವ ಸದ್ದು ಬಹಳ ಹೊತ್ತು ಕೇಳಿಸಿತು.

“ಹೋಯಿತು,” ಎಂದ ಪೌಲೋಸ್. ಫೋನು ಇಡಲಿಲ್ಲ. “ಒಳ್ಳೆ ಫೋಟೋ ಇತ್ತು ಅದು.”

“ಊಂ,” ಎಂದ ಚಿಕ್ಕಬಸವಯ್ಯ. “ಬಾಳ ಒಳ್ಳೇದಿತ್ತು.”