ಎರಡು ಗಿಡ್ಡ, ಒಂದು ಉದ್ದ

ಹಿಂದಿನ ಸೀಟಿನಲ್ಲಿ ಯಾರೋ ಕೆಮ್ಮಿದರು, ಎರಡು ಗಿಡ್ಡ, ಒಂದು ಉದ್ದ, ಉದ್ದದ್ದರ ತುದಿಗೆ ಚಿಲಕ ಸರಿಸಿದಂಥ ಒಂದು ಹೂಂ — ತಿರುಗಬಾರದು, ತಿರುಗಿದರೆ ನನ್ನ ಮುಖ ಕಾಣುತ್ತದೆ, ಕಿಟಕಿಯ ಗಾಜಿನಲ್ಲಿ ನೋಡಿದರೆ ಸಾಕು, ಗಾಜಿನಲ್ಲಿ ಒಂದು ಟೋಪಿ, ಒಂದು ಮುಷ್ಟಿ, ಮುಷ್ಟಿಯ ಹಿಂದೆ ನಗುವ ಕಣ್ಣು. ಬಸ್ಸು ಅಂಚೆ ಕಚೇರಿಯ ತಿರುವಿನಲ್ಲಿ ವಾಲಿತು, ಅಲ್ಲಿ ಗೋಡೆಯ ತುಂಬ ಅಧ್ಯಕ್ಷರ ಪೋಸ್ಟರು, ಬಿಸಿಲಿಗೆ ಗಲ್ಲವೆಲ್ಲ ನೀಲಿಗಟ್ಟಿದೆ, ಕೈ ಮಾತ್ರ ಇನ್ನೂ ಮೇಲೆತ್ತಿಕೊಂಡೇ ಇದೆ, ಆ ಕೈ ಕಿಟಕಿಯನ್ನು ದಾಟುವಷ್ಟರಲ್ಲಿ ಮುಂದಿನ ಸೀಟಿನವರೂ ಕೆಮ್ಮಿದರು, ಬಾಗಿಲ ಬಳಿ ಚೀಲ ಹಿಡಿದು ನಿಂತ ಹೆಂಗಸೂ ಕೆಮ್ಮಿದಳು, ಏನ್ರಪ್ಪಾ ಎಲ್ರಿಗೂ ಒಟ್ಟಿಗೇ ನೆಗಡಿಯಾ ಅಂತ ಕಂಡಕ್ಟರು, ಹೂಂ ಕಣಣ್ಣ, ನಿನ್ನೆ ಸಾಯಂಕಾಲ ರೇಡಿಯೋದಿಂದ ಅಂಟ್ಕೊಂತು, ಇನ್ನೇನು ಸಾಹೇಬರ ಭಾಷಣ ಕೇಳಿದ್ದೇ ತಪ್ಪಾಯ್ತು — ಬಸ್ಸಿಗೆ ಬಸ್ಸೇ ನಕ್ಕಿತು. ಇನ್ನೇನು ಸಾಹೇಬ, ಅಧ್ಯಕ್ಷರಿಗೆ ಜನ ಇಟ್ಟ ಹೆಸರು, ಹನ್ನೆರಡು ವರ್ಷದಿಂದ ಪ್ರತಿ ಭಾಷಣದಲ್ಲೂ ಇನ್ನೇನು ದಡ ಮುಟ್ಟಿದೆವು ಅನ್ನುತ್ತಲೇ ಬಂದಿದ್ದಾರೆ, ಅಧಿಕಾರ ಮುಗಿಯುವುದಕ್ಕೆ ಈಗ ಹತ್ತೊಂಬತ್ತು ದಿನ, ಇನ್ನೇನು ಹೋದ ಬಿಡು ಅಂತ ಜನ ನಗುತ್ತಾರೆ, ನಗುವಾಗಲೂ ಒಮ್ಮೆ ಬಾಗಿಲ ಕಡೆ ನೋಡಿಕೊಳ್ಳುತ್ತಾರೆ. ನಾನೂ ನಗಬೇಕು, ನಗದೆ ಕೂತವಳು ಕಣ್ಣಿಗೆ ಬೀಳುತ್ತಾಳೆ, ತುಟಿ ಅಗಲಿಸಿದೆ, ಗಂಟಲಲ್ಲಿ ಏನೋ ಕೆರೆಯಿತು, ಧೂಳು, ಬರೀ ಧೂಳು, ಉಗುಳು ನುಂಗಿದೆ. ಕೆಮ್ಮಬಾರದು. ಇಲ್ಲಿ ಯಾರು ಬೇಕಾದರೂ ಕೆಮ್ಮಲಿ, ನಾನು ಕೂಡದು, ಆ ಕೆಮ್ಮನ್ನು ರೇಡಿಯೋಗೆ ಹಾಕಿದವಳು ನಾನು.

ಹಾಕಿದ್ದಲ್ಲ, ತೆಗೆಯದೆ ಬಿಟ್ಟಿದ್ದು — ಎರಡೂ ಬೇರೆ ಬೇರೆ ಎಂದು ಯಾರಿಗೆ ಹೇಳಲಿ, ನಿಲ್ದಾಣದಿಂದ ರೇಡಿಯೋ ಕಚೇರಿಯ ಗೇಟಿಗೆ ಇನ್ನೂರ ಹತ್ತು ಹೆಜ್ಜೆ, ಇವತ್ತು ಎಣಿಸುತ್ತಿದ್ದೇನೆ, ಎಣಿಸುವಾಗ ಬೇರೇನೂ ತಲೆಗೆ ಬರಬಾರದು, ಬರುತ್ತದೆ. ತೆಗೆಯುವುದು ಮತ್ತು ಅಂಟಿಸುವುದು, ಇಷ್ಟೇ ನನ್ನ ಕೆಲಸ, ಮೈದಾನದಿಂದ ಬಂದ ಟೇಪಿನಲ್ಲಿ ಯಾರಾದರೂ ಬೈದಿದ್ದರೆ ಬ್ಲೇಡಿನಲ್ಲಿ ಕತ್ತರಿಸಿ ತೆಗೆಯಬೇಕು, ಜನ ಸುಮ್ಮನೆ ನಿಂತ ಕಡೆ ಚಪ್ಪಾಳೆ ಅಂಟಿಸಬೇಕು, ಬೈಗುಳ ತೆಗೆಯುವುದು ಸುಲಭ, ಸುಮ್ಮನಿರುವುದನ್ನು ತೆಗೆಯುವುದು ಕಷ್ಟ, ಅಷ್ಟು ಜನ ಒಟ್ಟಿಗೆ ಬಾಯಿ ಮುಚ್ಚಿಕೊಂಡು ನಿಂತರೆ ಟೇಪಿನಲ್ಲಿ ಗಾಳಿಯ ಸದ್ದು ಬೀಳುತ್ತದೆ, ಬಾವುಟದ ಬಟ್ಟೆ ಪಟಪಟ ಅನ್ನುವುದು ಬೀಳುತ್ತದೆ. ಚಪ್ಪಾಳೆಗೆ ಇರುವುದು ಒಂದೇ ಸುರುಳಿ, ಹನ್ನೆರಡು ವರ್ಷದ ಹಿಂದಿನದು, ಮೊದಲ ವರ್ಷದ್ದು, ಜನ ನಿಜವಾಗಿಯೇ ತಟ್ಟಿದ್ದು, ಡಬ್ಬಿಯ ಮೇಲೆ ನನ್ನದೇ ಅಕ್ಷರದಲ್ಲಿ ಅಸಲು ಎಂದು ಬರೆದಿದೆ, ಅದರ ನಕಲು ತೆಗೆದು ತೆಗೆದು ಎಲ್ಲ ಭಾಷಣಕ್ಕೂ ಅಂಟಿಸಿದ್ದೇನೆ. ಆ ಅಸಲಿನ ನಡುವೆ ಒಂದು ಕೆಮ್ಮಿದೆ. ಅಪ್ಪನದು. ಅವತ್ತು ಮೈಕಿನ ಕೋಲು ಹಿಡಿಯುವವರು ಬರಲಿಲ್ಲ, ಬಡಗಿ ಕೆಲಸಕ್ಕೆ ರಜೆ ಹಾಕಿ ಭಾಷಣ ಕೇಳಲು ಬಂದಿದ್ದ ಅಪ್ಪ ತಾನೇ ಹಿಡಿದ, ಕೊಡೇ ಇಲ್ಲಿ, ಕೋಲು ಹಿಡಿಯೋದು ನಿನಗಿಂತ ನನಗೆ ಗೊತ್ತು ಅಂತ, ನಲವತ್ತು ವರ್ಷ ಮರದ ಪುಡಿ ಕುಡಿದ ಎದೆ, ಚಪ್ಪಾಳೆಯ ನಡುವೆ ತಡೆಯಲಾಗದೆ ಕೆಮ್ಮಿದ, ಕೋಲಿನಿಂದ ಒಂದು ಕೈ ಬಿಡಿಸಿ ಮುಷ್ಟಿ ಮಾಡಿ ಬಾಯಿಗೆ ಅಡ್ಡ ಹಿಡಿದ, ಹೆಬ್ಬೆರಳಿಗೆ ಉಗುರಿಲ್ಲದ ಆ ಮುಷ್ಟಿ, ಆಮೇಲೆ ನನ್ನ ಕಡೆ ನೋಡಿ, ನಿನ್ನ ಟೇಪು ಕೆಟ್ಟೋಯ್ತೇನೇ. ಇಲ್ಲಪ್ಪ. ಪ್ರತಿ ಸಲವೂ ನಕಲು ತೆಗೆದ ಮೇಲೆ ಮೊದಲು ಆ ಬೆರಳುದ್ದವನ್ನು ಕತ್ತರಿಸಿ ಎಸೆಯುತ್ತೇನೆ, ಹನ್ನೆರಡು ವರ್ಷ ಎಸೆದಿದ್ದೇನೆ, ನಿನ್ನೆ ಎಸೆಯಲಿಲ್ಲ. ಭಾಷಣದ ಟೇಪು ಬಂದಾಗಲೇ ಆರೂವರೆ, ಏಳಕ್ಕೆ ಪ್ರಸಾರ, ಮೂರು ಕಡೆ ಜನ ಸುಮ್ಮನಿದ್ದರು, ಮೂರು ನಕಲು ತೆಗೆದೆ, ಅಂಟಿಸಿದೆ, ಒಮ್ಮೆ ಕೇಳಿದೆ, ಎಲ್ಲ ಸರಿ ಇದೆ ಅನ್ನಿಸಿತು, ಅಪ್ಪನ ಕೆಮ್ಮು ನನ್ನ ಕಿವಿಗೆ ತಪ್ಪೆಂದು ಕೇಳಿಸಲೇ ಇಲ್ಲ, ಹುಟ್ಟಿದಾಗಿನಿಂದ ಗೋಡೆಯ ಆಚೆ ಕೇಳಿಕೊಂಡೇ ನಿದ್ದೆ ಹೋದವಳಿಗೆ ಅದು ಮನೆಯ ಸದ್ದು. ಹೀಗೆ ಹೇಳಿದರೆ ನಂಬುತ್ತಾರಾ, ನಾನು ನಂಬುತ್ತೇನಾ.

ಅಮ್ಮ ನಂಬಿದಳು, ಅಮ್ಮನಿಗೆ ಬೇರೆಯದೇ ನಂಬಿಕೆ, ನಿನ್ನೆ ರಾತ್ರಿ ಮನೆಗೆ ಹೋದಾಗ ಬಾಗಿಲಲ್ಲೇ ನಿಂತಿದ್ದಳು, ತಲೆ ಬಾಚಿಕೊಂಡು, ನಿಮ್ಮಪ್ಪ ಬಂದಿದ್ರು ಕಣೇ ರೇಡಿಯೋದಲ್ಲಿ, ಮೂರು ಸಲ. ಅಮ್ಮ, ಅದು ಬೇರೆ ಯಾರೋ. ಯಾರೋ ಅಂತೆ, ಮೂವತ್ತೆಂಟು ವರ್ಷ ಪಕ್ಕದಲ್ಲಿ ಮಲಗಿದವಳು ನಾನು, ನನಗೆ ಹೇಳ್ತಾಳೆ ಇವಳು. ಅಡುಗೆಮನೆ ಬಾಗಿಲ ಮೇಲೆ ಅಪ್ಪನ ಫೋಟೋ, ಕಟ್ಟು ಅಪ್ಪನೇ ಮಾಡಿದ್ದು, ಫೋಟೋಗೆಂದು ಮಾಡಿದ್ದಲ್ಲ, ಅಧ್ಯಕ್ಷರ ಚಿತ್ರಕ್ಕೆಂದು ಮಾಡಿದ್ದು, ಒಳ್ಳೆಯ ತೇಗ, ಮೂಲೆಗೆ ಬಳ್ಳಿ ಕೆತ್ತಿದ್ದ, ಐದು ವರ್ಷ ಅಧ್ಯಕ್ಷರು ಅಲ್ಲಿದ್ದರು, ಆಮೇಲೊಂದು ದಿನ ಅಪ್ಪ ಏನೂ ಹೇಳದೆ ಚಿತ್ರ ತೆಗೆದು ಖಾಲಿ ಕಟ್ಟನ್ನು ವಾಪಸ್ಸು ತೂಗುಹಾಕಿದ, ಇದೇನ್ರೀ ಬರೀ ಗೋಡೆಗೆ ಕಟ್ಟು ಹಾಕಿದೀರಲ್ಲ ಅಂದರೆ, ಗೋಡೆ ಸುಳ್ಳು ಹೇಳಲ್ಲ ಇರಲಿ ಬಿಡು ಅಂದ. ಅಳತೆ ಸರಿಹೋಯಿತು, ಅಪ್ಪನ ಫೋಟೋಗೆ. ಅಮ್ಮ ಆ ಕಟ್ಟಿನ ಕೆಳಗೆ ನಿಂತು ಬೆಳಿಗ್ಗೆ ನನ್ನ ಡಬ್ಬಿ ಕಟ್ಟಿದಳು, ಕೇಳಿದಳು, ಇವತ್ತು ಹನ್ನೊಂದಕ್ಕೆ ಅದೇ ಭಾಷಣ ಇನ್ನೊಂದು ಸಲ ಹಾಕ್ತಾರಂತಲ್ಲ. ಯಾರು ಹೇಳಿದ್ರು. ಕೆಳಮನೆ ಟೈಲರಮ್ಮ. ಅಮ್ಮ, ಯಾರ ಹತ್ರಾನೂ ಬಾಯಿ ಬಿಡಬೇಡ, ನನ್ನಾಣೆ, ಅಪ್ಪ ಬಂದಿದ್ರು ಗಿಪ್ಪ ಬಂದಿದ್ರು ಅಂತ. ಅಯ್ಯೋ ನನಗೇನು ಬುದ್ಧಿ ಇಲ್ವಾ — ಅಂದಳು, ಅಂದವಳ ಕಣ್ಣು ಎಷ್ಟು ಹೊಳೆಯಿತು, ಅಪ್ಪ ಹೋದ ಮೂರು ವರ್ಷದಿಂದ ಹೊಳೆಯದ ಕಣ್ಣು, ಅದನ್ನು ಕಂಡು ಇನ್ನೊಮ್ಮೆ ಆಣೆ ಹಾಕಿಸಿದೆ.

ಗೇಟಿನ ಕಾವಲುಗಾರ ನನ್ನ ಪಾಸು ಎರಡು ಸಲ ನೋಡಿದ, ಹದಿನಾಲ್ಕು ವರ್ಷದಿಂದ ಒಂದು ಸಲವೂ ನೋಡಿರಲಿಲ್ಲ, ಏನಣ್ಣ ಮುಖ ಮರೆತುಹೋಯ್ತಾ ಅಂದೆ, ನಗಲಿಲ್ಲ, ಮೇಲಿಂದ ಹೇಳಿದಾರಮ್ಮ. ಹಜಾರದಲ್ಲಿ ಯಾರೂ ಮಾತಾಡುತ್ತಿಲ್ಲ, ಬೆರಳಚ್ಚಿನ ಕೋಣೆಯೂ ಸುಮ್ಮನಿದೆ, ಚಹಾದ ಕಪಾಟಿನಲ್ಲಿ ಎಲ್ಲರ ಲೋಟದ ನಡುವೆ ಹವಾಮಾನದವರ ಲೋಟ, ಅಂಚಿನಲ್ಲಿ ಬಿರುಕು ಬಿಟ್ಟ ಹಳದಿ ಲೋಟ, ಎಂಟು ದಿನದಿಂದ ಬೋರಲು ಹಾಗೇ ಇದೆ. ಹವಾಮಾನ ಓದುವವರು ಅಧ್ಯಕ್ಷರ ಹೆಸರು ಹೇಳಿದ ಮೇಲೆ ಎರಡು ಸೆಕೆಂಡು ತಡೆದು, ನಾಳೆ ಮೋಡ ಸರಿಯಲಿದೆ ಅಂದರು, ಅಷ್ಟೇ, ನಿಜವಾಗಿಯೂ ಮೋಡ ಸರಿಯುವುದಿತ್ತು, ಹಾಳೆಯಲ್ಲಿ ಬರೆದಿತ್ತು, ಮಾರನೆಯ ದಿನ ಅವರು ಬರಲಿಲ್ಲ, ಅವರ ಹೆಂಡತಿ ಗೇಟಿನ ಹತ್ತಿರ ಎರಡು ದಿನ ನಿಂತಿದ್ದು ಮೂರನೆಯ ದಿನ ಅವರೂ ಬರಲಿಲ್ಲ. ಕುರ್ಚಿ ಬಿಟ್ಟು ಹೋಗುವವನು ಸುಮ್ಮನೆ ಹೋಗುತ್ತಾನೆ ಎಂದು ಬಸ್ಸಿನವರಿಗೆ ಯಾರು ಹೇಳಿದರು. ಮೆಟ್ಟಿಲ ತಿರುವಿನಲ್ಲಿ ಗಡಿಯಾರ ಸಿಕ್ಕರು, ನಮ್ಮ ಪಾಳಿ ಅಧಿಕಾರಿ, ಮಾತಿಗೊಮ್ಮೆ ಮಣಿಕಟ್ಟು ನೋಡಿಕೊಳ್ಳುವುದಕ್ಕೆ ಆ ಹೆಸರು, ಇವತ್ತು ಕೈಗೆ ವಾಚೇ ಕಟ್ಟಿಲ್ಲ, ಬರೀ ಚರ್ಮ ನೋಡಿಕೊಂಡು ಅಂದರು, ಮೇಡಂ, ನಿಮ್ಮ ಕೋಣೆಯಲ್ಲಿ ಒಬ್ಬರು ಕೂತಿದಾರೆ. ಯಾರು ಸಾರ್. ಕೇಳಬೇಡಿ. ಆಮೇಲೆ ಕಿವಿಯ ಹತ್ತಿರ ಬಂದು, ಅವರ ಉಸಿರಿನಲ್ಲಿ ಏಲಕ್ಕಿ, ನಿಮಗೊಂದು ಹೇಳ್ತೀನಿ, ದೊಡ್ಡವರು ದಿನಾ ತಮ್ಮ ಭಾಷಣ ರೇಡಿಯೋದಲ್ಲಿ ತಾವೇ ಕೇಳ್ತಾರಂತೆ, ಚಪ್ಪಾಳೆ ಕೇಳೀ ಕೇಳೀ ನಂಬಿಕೆನೇ ಬಂದುಬಿಟ್ಟಿದೆಯಂತೆ, ಜನ ಇಷ್ಟು ತಟ್ತಾರಲ್ಲ, ನಾನ್ಯಾಕ್ರೀ ಇಳೀಬೇಕು ಅಂತ ಕೇಳಿದ್ರಂತೆ. ನನ್ನ ಚಪ್ಪಾಳೆ. ನಾನು ಅಂಟಿಸಿದ್ದು. ಹತ್ತೊಂಬತ್ತು ದಿನದ ಆಚೆಗೂ ಆ ಮನುಷ್ಯ ಕೂತೇ ಇದ್ದರೆ ಅದಕ್ಕೆ ಅಂಟು ಹಚ್ಚಿದ್ದು ಈ ಬೆರಳು. ಗಂಟಲು ಮತ್ತೆ ಕೆರೆಯಿತು.

ಬೂದು ಕೋಟಿನವರು ನನ್ನ ಕುರ್ಚಿಯಲ್ಲಲ್ಲ, ಪಕ್ಕದ ಸ್ಟೂಲಿನಲ್ಲಿ ಕೂತಿದ್ದರು, ಅದೇ ಹೆಚ್ಚು ಭಯ, ಬನ್ನಿ ಬನ್ನಿ, ನಿಮ್ಮ ಜಾಗ ನಿಮಗೆ, ನಾನು ನೋಡ್ತಾ ಕೂತ್ಕೋತೀನಿ ಅಷ್ಟೇ, ಕೆಲಸ ಮಾಡೋರನ್ನ ನೋಡೋದು ನನಗಿಷ್ಟ. ಹತ್ತು ಗಂಟೆ ಐದು ನಿಮಿಷ. ಹನ್ನೊಂದಕ್ಕೆ ಮತ್ತೆ ಹೋಗಬೇಕಾದ ಟೇಪು ಯಂತ್ರದ ಮೇಲೆ ಅವರೇ ಏರಿಸಿಟ್ಟಿದ್ದಾರೆ, ತಪ್ಪಿಲ್ಲದ ಹಾಗೆ, ಅಂದರೆ ಇವರಿಗೆ ಟೇಪು ಗೊತ್ತು. ಮೂರು ಕಡೆ ಇದೆಯಂತಲ್ಲ, ತೆಗೀರಿ. ಹೆಡ್‌ಫೋನ್ ಹಾಕಿಕೊಂಡು ಸುರುಳಿಯನ್ನು ಕೈಯಲ್ಲೇ ಹಿಂದೆ ಮುಂದೆ ಆಡಿಸಿದೆ, ಅಪ್ಪನ ಕೆಮ್ಮು ನಿಧಾನಕ್ಕೆ ಓಡಿದಾಗ ದೊಡ್ಡ ಮರದ ಬಾಗಿಲು ಎಳೆದ ಹಾಗೆ ಕೇಳುತ್ತದೆ, ಬಿಳಿ ಸೀಸದ ಕಡ್ಡಿಯಿಂದ ಗುರುತು, ಓರೆಯಾಗಿ ಬ್ಲೇಡು, ಒಂದು. ಯಾರದಮ್ಮ ಇದು. ಯಾರದ್ದು ಅಂತ ಹೇಗೆ ಹೇಳ್ಲಿ ಸಾರ್, ಮೈದಾನದಲ್ಲಿ ಸಾವಿರಾರು ಜನ ಇದ್ರು. ಅವರು ತಲೆ ಆಡಿಸಿದರು, ಬೇಸರದಿಂದಲ್ಲ, ಮೇಷ್ಟ್ರು ಆಡಿಸಿದ ಹಾಗೆ, ನಿನ್ನೆ ರೇಡಿಯೋದಲ್ಲಿ ಕೇಳಿದ್ನಲ್ಲ, ಸಾವಿರಾರು ಜನ ದೂರ ಇದಾರೆ, ಕೆಮ್ಮು ಹತ್ತಿರ ಇದೆ, ಮೈಕಿಂದ ಒಂದು ಮೊಳ ಇರಬಹುದು, ಅಲ್ವಾ. ಎರಡನೆಯದಕ್ಕೆ ಗುರುತು ಹಾಕುವಾಗ ಕಡ್ಡಿಯ ಮೊನೆ ಮುರಿಯಿತು, ತಮ್ಮ ಜೇಬಿನಿಂದ ಅಂಥದೇ ಒಂದು ತೆಗೆದು ಕೊಟ್ಟರು, ಹೊಸದಾಗಿ ಚೂಪು ಮಾಡಿದ್ದು. ಒಂದು ಸಲ ಬಿಟ್ಟಿದ್ರೆ ಮರೆವು ಅನ್ನಬಹುದು, ಮೂರು ಸಲ ಅಂದ್ರೆ. ಗಡಿಬಿಡಿ ಸಾರ್, ಟೇಪು ಬಂದಾಗಲೇ ಆರೂವರೆ. ಹೂಂ, ಗಡಿಬಿಡಿ. ಗಡಿಬಿಡಿಯೇ, ನಿಜ, ನಿಜವೇ — ಆಸ್ಪತ್ರೆಯ ಹಜಾರದ ಬೆಂಚು ಯಾಕೆ ಈಗ ಬರುತ್ತದೆ, ಮಂಚ ಖಾಲಿ ಇಲ್ಲವೆಂದು ಅಪ್ಪನನ್ನು ಎರಡು ದಿನ ಕೂರಿಸಿದ ಬೆಂಚು, ಔಷಧ ಇನ್ನೇನು ಬರುತ್ತೆ ಅಂತ ನರ್ಸಮ್ಮ, ಎದುರು ಗೋಡೆಯಲ್ಲಿ ರೇಡಿಯೋ, ರೇಡಿಯೋದಲ್ಲಿ ಅಧ್ಯಕ್ಷರು, ಆಮೇಲೆ ಚಪ್ಪಾಳೆ, ನನ್ನ ಚಪ್ಪಾಳೆ, ಅಪ್ಪ ಕಣ್ಣು ಮುಚ್ಚಿ ಕೇಳಿದ, ಉಸಿರಿಗೆ ಎದೆ ಎತ್ತಿ ಇಳಿಸುತ್ತಾ ಕೇಳಿದ, ಇದು ಆವತ್ತಿಂದಲ್ವೇನೇ. ಹೂಂ ಅಪ್ಪ. ನಕ್ಕ, ನನ್ನ ತೆಗೆದುಬಿಟ್ಟಿದೀಯಲ್ಲೇ. ಅಷ್ಟೇ ಅಂದ. ಮುಷ್ಟಿ ಬಾಯಿಗೆ ಹೋಯಿತು, ಉಗುರಿಲ್ಲದ ಹೆಬ್ಬೆರಳು, ಕೆಮ್ಮಿ ಮುಗಿದ ಮೇಲೂ ಮುಷ್ಟಿ ಇಳಿಯಲಿಲ್ಲ, ನಾನೇ ಇಳಿಸಿದೆ, ತಣ್ಣಗಿತ್ತು. ಎರಡು. ಮೇಜಿನ ಮೇಲೆ ಎರಡು ಕಂದು ಚೂರು, ಬೆರಳುದ್ದ, ಫ್ಯಾನಿನ ಗಾಳಿಗೆ ತುದಿ ಅಲ್ಲಾಡುತ್ತಿದೆ. ಅವರು ಒಂದು ಲಕೋಟೆ ಬಿಡಿಸಿ ಅವೆರಡನ್ನೂ ಒಳಗೆ ಇಳಿಸಿದರು, ಎಷ್ಟು ಮೆಲ್ಲಗೆ, ಎಸೀತಿದ್ರಾ ಇದನ್ನೆಲ್ಲ, ಛೆ.

ಹತ್ತು ನಲವತ್ತು. ಮೂರನೆಯದು ಬ್ಲೇಡಿನ ಕೆಳಗಿದೆ, ಇದನ್ನೂ ಕತ್ತರಿಸಿದರೆ ಹನ್ನೊಂದಕ್ಕೆ ಅಮ್ಮನ ರೇಡಿಯೋದಲ್ಲಿ ಏನೂ ಇರುವುದಿಲ್ಲ, ತಲೆ ಬಾಚಿಕೊಂಡು ಕೂತಿರುತ್ತಾಳೆ, ಕತ್ತರಿಸದಿದ್ದರೆ — ಕತ್ತರಿಸದೆ ಇರಲು ಸಾಧ್ಯವೇ, ಇವರು ಮೊಳದಷ್ಟು ದೂರದಲ್ಲಿ ಕೂತಿದ್ದಾರೆ, ಹೆಡ್‌ಫೋನ್ ಒಂದೇ, ಅದು ನನ್ನ ಕಿವಿಗಿದೆ, ಗುರುತನ್ನು ಒಂದು ಬೆರಳು ಪಕ್ಕಕ್ಕೆ ಹಾಕಿ ಬರೀ ಚಪ್ಪಾಳೆಯನ್ನು ಕತ್ತರಿಸಿ ಕೊಟ್ಟರೆ ಕಣ್ಣಿಗೆ ಏನು ಗೊತ್ತಾಗುತ್ತದೆ, ಎಲ್ಲ ಚೂರೂ ಕಂದೇ, ದೇಶಕ್ಕೆಲ್ಲ ಮೂರನೆಯ ಚಪ್ಪಾಳೆ ಬರುವ ಹನ್ನೊಂದೂಕಾಲಿಗೆ ಗೊತ್ತಾಗುತ್ತದೆ, ಬಸ್ಸಿನವರಿಗೆ, ಅಮ್ಮನಿಗೆ, ತನ್ನನ್ನು ಜನ ತಟ್ಟಿ ಕರೆಯುತ್ತಿದ್ದಾರೆಂದು ನಂಬಿ ಕೂತ ಆ ಮುದುಕನಿಗೆ, ಆಮೇಲೆ ಇವರಿಗೆ. ಕಡ್ಡಿ ಒಂದು ಬೆರಳು ಪಕ್ಕಕ್ಕೆ ಸರಿಯಿತು, ನಾನು ಸರಿಸಿದೆನಾ, ಬಿಳಿಯ ಗುರುತು ಬಿತ್ತು, ಬ್ಲೇಡು ಅಲ್ಲಿಟ್ಟೆ, ಅವರು ನೋಡುತ್ತಿದ್ದಾರೆ, ಗಂಟಲಿನಲ್ಲಿ ಬೆಳಗಿನಿಂದ ಹಿಡಿದಿಟ್ಟದ್ದು ಈಗ ಎದೆಗೆ ಇಳಿದು ಮತ್ತೆ ಏರುತ್ತಿದೆ, ಕೆಮ್ಮಬಾರದು, ನನ್ನ ಕೆಮ್ಮು ಥೇಟ್ ಅಪ್ಪನದು, ಚಿಕ್ಕವಳಿದ್ದಾಗಿಂದ ಅಮ್ಮ ಹೇಳುತ್ತಾಳೆ, ಒಳಗೆ ಯಾರು ಕೆಮ್ಮಿದ್ದು, ಮಗಳೋ ಅಪ್ಪನೋ. ಫೋನು ಬಡಿದುಕೊಂಡಿತು. ಮೇಜಿನ ಮೇಲಿನ ಕಪ್ಪು ಫೋನು, ಇಷ್ಟು ಹೊತ್ತಿಗೆ ಮಾಡುವವರು ಒಬ್ಬರೇ, ದಿನಾ ಇದೇ ಹೊತ್ತಿಗೆ ಟೈಲರಮ್ಮನ ಅಂಗಡಿಯಿಂದ ಅಮ್ಮ, ತಿಂದೆಯಾ, ಡಬ್ಬಿ ಬಿಸಿ ಇದೆಯಾ, ಯಾರ ಹತ್ತಿರವೂ ಬಾಯಿ ಬಿಡಬೇಡ ಎಂದು ಆಣೆ ಹಾಕಿಸಿದೆ, ಫೋನು ಮಾಡಬೇಡ ಎನ್ನಲು ಮರೆತೆ, ಇದನ್ನು ಮರೆತೆ, ನಾನು ಕೈ ಚಾಚುವ ಮೊದಲೇ ಬೂದು ತೋಳು ಚಾಚಿತು, ಹಲೋ. ಮೆತ್ತಗೆ, ಮಗನ ಹಾಗೆ, ಹೇಳೀಮ್ಮಾ. ನನಗೆ ಕೇಳಿಸುತ್ತಿಲ್ಲ, ಒಂದು ಸಣ್ಣ ಗುಂಯ್ ಸದ್ದು ಮಾತ್ರ, ಅವರು ಕೇಳುತ್ತಿದ್ದಾರೆ, ಹೌದಾ, ಮೂವತ್ತೆಂಟು ವರ್ಷಾನಾ, ಹೌದೌದು ಹನ್ನೊಂದಕ್ಕೇ, ಕೇಳುತ್ತಾ ಕೇಳುತ್ತಾ ಕಣ್ಣು ನನ್ನ ಮೇಲೆ ಇಟ್ಟರು, ಮುಖದ ಮೇಲಲ್ಲ, ಗಂಟಲ ಮೇಲೆ, ಬ್ಲೇಡು ಒತ್ತಿದೆ, ಬರೀ ಚಪ್ಪಾಳೆಯ ಚೂರು ಮೇಜಿನ ಮೇಲೆ ಬಿತ್ತು, ಬಿದ್ದದ್ದು ಕಂಡಿತು, ಅಷ್ಟರಲ್ಲಿ ಬಂತು, ಒಂದು ಗಿಡ್ಡ, ತಡೆದೆ, ಇನ್ನೊಂದು ಗಿಡ್ಡ, ಉಸಿರು ಅರ್ಧಕ್ಕೆ ನಿಂತಿದೆ, ಫೋನು ಅವರ ಕಿವಿಯಲ್ಲೇ ಇದೆ, ಅಮ್ಮನೂ ಕೇಳಿಸಿಕೊಂಡಳು, ಗುಂಯ್ ಸದ್ದು ನಿಂತಿದೆ, ಮೂವರೂ ಉದ್ದದ್ದಕ್ಕೆ ಕಾಯುತ್ತಿದ್ದೇವೆ, ನನ್ನ ಕೈ ಎದ್ದಿದೆ, ಬೆರಳು ಮಡಿಚಿದೆ, ಬಾಯಿಗೆ ಅಡ್ಡ ಮುಷ್ಟಿ, ಅಪ್ಪನದೇ ಮುಷ್ಟಿ.